ಹಿಂದಿನ ಎರಡು ಟೈರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಕೃಷ್ಣಾಬಾಯಿ ಬಂದವರಿಗೆಲ್ಲ ಹೇಳುತ್ತಾಳೆ. ಹೇಳಲಿ. ಮೂವತ್ತೊಂದು ವರ್ಷ ಬಸ್ ಡಿಪೋದ ಟೈರ್ ವಿಭಾಗದಲ್ಲಿ ದುಡಿದವನಿಗೆ ಸಿಟ್ಟು ಬರದೆ ಇನ್ನೇನು ಬರಬೇಕು? ಗಾಳಿ ಇಳಿದಿದ್ದರೂ ಬಸ್ಸು ಹೊರಡಿಸುವ ಡ್ರೈವರು, ಕಲ್ಲಿನ ಮೇಲೆ ಹತ್ತಿಸಿ ಟೈರಿನ ಪಕ್ಕ ಹರಿದುಕೊಂಡು ಬರುವ ಡ್ರೈವರು, ಇಂಥವರ ಜೊತೆ ಜಗಳವಾಡಿಯೇ ನನ್ನ ಡಿಪೋದ ಟೈರುಗಳು ಉಳಿದ ಡಿಪೋಗಳಿಗಿಂತ ಹೆಚ್ಚು ಓಡುವಂತೆ ಮಾಡಿದೆ. ಅದಕ್ಕೆ ಕೊಟ್ಟ ಪ್ರಶಸ್ತಿಪತ್ರ ಕಾಚಿಗೂಡದ ನಮ್ಮ ಮನೆಯ ಪಡಸಾಲೆಯಲ್ಲಿ ದೇವರ ಫೋಟೋದ ಪಕ್ಕದಲ್ಲೇ ಇದೆ.

ಹಾಗಾಗಿ 2005ರ ಆಗಸ್ಟಿನ ಆ ಸಂಜೆ ಆಸ್ಪತ್ರೆಯಿಂದ ಫೋನು ಬಂದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ನನ್ನ ಮಗಳು ಶರ್ವರಿ ಮಾದಾಪುರದ ಸಾಫ್ಟ್‌ವೇರ್ ಕಂಪನಿಯಿಂದ ಮನೆಗೆ ಬರುತ್ತಿದ್ದ ಇಂಡಿಕಾ ಕಾರು, ಮಳೆಯಲ್ಲಿ ಬೇಗಂಪೇಟೆಯ ಮೇಲ್ಸೇತುವೆ ಇಳಿಯುವಾಗ ಬುಗುರಿಯ ಹಾಗೆ ತಿರುಗಿ ಗೋಡೆಗೆ ಬಡಿದಿತ್ತು. ಅವಳ ಬಲಗೈ ಮುರಿದಿತ್ತು. ಓಡಿಸುತ್ತಿದ್ದವನು ಯಾದಗಿರಿ ಕಡೆಯ ಮೌನಪ್ಪ. ಹಣೆಗೆ ನಾಲ್ಕು ಹೊಲಿಗೆ ಹಾಕಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ. ಎಲ್ಲರೆದುರು ಅವನನ್ನು ಬಾಯಿಗೆ ಬಂದಂತೆ ಬೈದೆ. ಕುಡಿದಿದ್ದೀಯಾ ಎಂದು ಕೇಳಿದೆ. ನಿನ್ನ ಕೈಗೆ ಸ್ಟೇರಿಂಗ್ ಕೊಟ್ಟವನು ಯಾರು ಎಂದು ಕೇಳಿದೆ. ಅವನು ಎದ್ದು ನಿಂತು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಬಡವನ ಕೋಪ ದವಡೆಗೆ ಮೂಲ ಎಂಬುದು ಅವನಿಗೆ ಗೊತ್ತಿತ್ತು. ನಾನು ಮಾತ್ರ ಅವನು ತಪ್ಪು ಒಪ್ಪಿಕೊಂಡ ಎಂದು ತಿಳಿದೆ.

ಮರುದಿನ ಬೆಳಿಗ್ಗೆ ಕಂಪನಿಯ ಟ್ರಾನ್ಸ್‌ಪೋರ್ಟ್ ಅಧಿಕಾರಿಗೆ ಇಂಗ್ಲಿಷಿನಲ್ಲಿ ಎರಡು ಪುಟದ ಪತ್ರ ಬರೆದೆ. ಸರಕಾರಿ ನೌಕರಿ ನನಗೆ ಬೇರೇನು ಕಲಿಸಿತೋ ಇಲ್ಲವೋ, ದೂರು ಬರೆಯುವುದನ್ನಂತೂ ಕಲಿಸಿತ್ತು. ಪತ್ರ ಮುಟ್ಟಿದ ದಿನವೇ ಮೌನಪ್ಪನ ಪಾಸು ಕಿತ್ತುಕೊಂಡರು. ಒಳಗೆ ಬಿಡಬಾರದವರ ಸಾಲಿನಲ್ಲಿ ಅವನ ಫೋಟೋವನ್ನು ಗೇಟಿನ ಕೋಣೆಯಲ್ಲಿ ಅಂಟಿಸಿದರು. ಒಂದು ಕಂಪನಿ ಬೇಡವೆಂದ ಡ್ರೈವರನನ್ನು ಆಗ ಇನ್ನೊಂದು ಕಂಪನಿಯೂ ಹತ್ತಿರ ಸೇರಿಸುತ್ತಿರಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಸಮಾಧಾನವಾಯಿತು.

ಆ ಸಮಾಧಾನ ಒಂದು ವಾರವೂ ಉಳಿಯಲಿಲ್ಲ. ಇಂಡಿಕಾದ ಮಾಲೀಕ ಭೀಮಾಶಂಕರ ಹಿಂದೆ ನನ್ನ ಡಿಪೋದಲ್ಲೇ ಮೆಕ್ಯಾನಿಕ್ ಆಗಿದ್ದವನು, ಬಸವಕಲ್ಯಾಣದವನು. ಐಟಿ ಕಂಪನಿಗಳು ಒಂದರ ಹಿಂದೆ ಒಂದು ಬಂದಾಗ ನೌಕರಿ ಬಿಟ್ಟು ಎಂಟು ಗಾಡಿ ಮಾಡಿಕೊಂಡಿದ್ದ. ಪರಿಚಯದವನ ಗಾಡಿ ಎಂಬ ಧೈರ್ಯಕ್ಕೇ ಮಗಳನ್ನು ಅದರಲ್ಲಿ ಕಳಿಸುತ್ತಿದ್ದೆ. ಅವನಿಗೂ ನಾಲ್ಕು ಮಾತು ಅನ್ನಬೇಕೆಂದು ಮುಷೀರಾಬಾದಿನ ಅವನ ಶೆಡ್ಡಿಗೆ ಹೋದೆ. ಜಜ್ಜಿದ ಇಂಡಿಕಾ ಮೂಲೆಯಲ್ಲಿ ನಿಂತಿತ್ತು. ಮೌನಪ್ಪನೂ ಇದ್ದ. ತನ್ನ ಬಟ್ಟೆಯ ಚೀಲ ಒಯ್ಯಲು ಬಂದಿದ್ದನಂತೆ.

ಗಾಡಿ ಕಂಡರೆ ನಾನು ಮೊದಲು ಟೈರು ನೋಡುವವನು. ಮುಂದಿನ ಎರಡೂ ಹೊಸದರಂತಿದ್ದವು, ಗೆರೆಗಳು ಆಳವಾಗಿದ್ದವು. ಹಿಂದಕ್ಕೆ ಬಂದು ಬಗ್ಗಿದೆ. ಅಲ್ಲಿ ಗೆರೆ ಹೆಸರಿಗಷ್ಟೇ ಇತ್ತು. ಹೆಬ್ಬೆರಳಿನ ಉಗುರು ಒತ್ತಿದೆ, ಕಲ್ಲಿನಂಥ ರಬ್ಬರು, ಇಳಿಯಲಿಲ್ಲ. ನನ್ನ ಮೈ ಉರಿದುಹೋಯಿತು. ಗೆರೆ ಇಲ್ಲದಿದ್ದರೆ ಅಡಿಯ ನೀರು ಹೊರಗೆ ಹೋಗುವುದು ಹೇಗೆ? ಹಗುರ ಕಾರು, ನೀರು ನಿಂತ ಇಳಿಜಾರು. ಮುಂದಿನ ಗಾಲಿ ನೆಲ ಹಿಡಿದು ಹಿಂದಿನದು ಜಾರಿದರೆ ಹಿಂಭಾಗ ಸುತ್ತಿ ಮುಂದಕ್ಕೆ ಬರದೆ ಇನ್ನೇನಾಗುತ್ತದೆ? ಆಗ ದೇವರು ಬಂದು ಕೂತರೂ ಸ್ಟೇರಿಂಗ್ ಮಾತು ಕೇಳುವುದಿಲ್ಲ.

"ಯಾವ ಹುಚ್ಚ ಇವನ್ನ ಹಿಂದ ಹಾಕಿದಾಂವ?" ಎಂದು ಗರ್ಜಿಸಿದೆ.

ಭೀಮಾಶಂಕರ ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಮಡಚಿದ. ಮತ್ತೆ ಬಿಡಿಸಿದ.

"ನೀವಾ ಹೇಳಿದ್ರಿ, ಸಾಹೇಬರ."

ಹೌದು, ನಾನೇ ಹೇಳಿದ್ದೆ. ಹಿಂದಿನ ವರ್ಷ ಅವನು ಎರಡು ನಮೂನೆಯ ಟೈರಿನ ವಿವರದ ಕಾಗದ ಹಿಡಿದುಕೊಂಡು ಮನೆಗೆ ಬಂದಿದ್ದ. ಒಂದರದು ಮೆತ್ತನೆ ರಬ್ಬರು, ಅಗಲ ಗೆರೆ. ಮಳೆಯಲ್ಲಿ ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ನಲವತ್ತು ಸಾವಿರ ಕಿಲೋಮೀಟರಿಗೆ ಸವೆದುಹೋಗುತ್ತದೆ ಎಂದು ಅಂಗಡಿಯವನು ಹೇಳಿದ್ದನಂತೆ. ಇನ್ನೊಂದು ಗಟ್ಟಿ, ಎಪ್ಪತ್ತು ಸಾವಿರ ಓಡುವಂಥದ್ದು. ಭೀಮಾಶಂಕರನ ಮನಸ್ಸು ಮೊದಲನೆಯದರ ಮೇಲಿತ್ತು. ನಾನು ನಕ್ಕು ಗೋಡೆಯ ಮೇಲಿನ ಪ್ರಶಸ್ತಿಪತ್ರ ತೋರಿಸಿದೆ. ಉಗುರು ಇಳಿಯುವ ರಬ್ಬರು ಒಂದು ರಬ್ಬರೇ, ಗಟ್ಟಿಯದನ್ನೇ ತಗೋ ಎಂದೆ. ಅಪಘಾತಕ್ಕೆ ಎರಡು ತಿಂಗಳ ಮೊದಲು, ಜೂನಿನಲ್ಲಿ, ನಾಲ್ಕೂ ಸವೆದಿವೆ, ನಾಲ್ಕೂ ಬದಲಿಸಲೇ ಎಂದು ಮತ್ತೆ ಕೇಳಲು ಬಂದ. ಇನ್ನೂ ಹತ್ತು ಸಾವಿರ ಓಡುತ್ತವೆ, ಎರಡೇ ತಗೋ, ಹೊಸವನ್ನು ಮುಂದೆ ಹಾಕು, ಹಳೆಯವು ಹಿಂದಿರಲಿ ಎಂದೆ.

ಅದು ಡಿಪೋದ ನಿಯಮ. ಹೊಸ ಟೈರು ಯಾವಾಗಲೂ ಮುಂದೆ, ಮೇಲೆ ಹೊಸ ರಬ್ಬರು ಹಚ್ಚಿಸಿದ ಹಳೆಯದು ಹಿಂದೆ. ಬಸ್ಸಿನ ಮುಂದಿನ ಟೈರು ಒಡೆದರೆ ಒಳಗಿನ ಅರವತ್ತು ಜೀವ ಹೋದಂತೆ. ಹಿಂದೆ ನಾಲ್ಕಿರುತ್ತವೆ, ಒಂದು ಕೈಕೊಟ್ಟರೆ ಮೂರು ಹೊರುತ್ತವೆ. ಮೇಲೆ ಬಸ್ಸಿನ ತೂಕ ಬೇರೆ. ಕಾರಿಗೆ ಹಿಂದೆ ಇರುವುದು ಎರಡೇ ಎಂಬುದನ್ನು ಯಾವ ಮಗುವಾದರೂ ಎಣಿಸಿ ಹೇಳುತ್ತದೆ. ನಾನು ಎಣಿಸಲಿಲ್ಲ.

ಆದರೂ ಬಾಯಿ ಮುಚ್ಚಿಕೊಂಡೆನೇ? ಇಲ್ಲ. ಓಡಿಸುವವನ ವೇಗ ಹೆಚ್ಚಾಗಿರಬೇಕು, ಬ್ರೇಕ್ ತಪ್ಪಾಗಿ ಒತ್ತಿರಬೇಕು, ಹೀಗೇ ಏನೇನೋ ಕೂಗಾಡಿದೆ. ಮೌನಪ್ಪ ಚೀಲದ ಬಾಯಿ ಕಟ್ಟುತ್ತ, ನನ್ನ ಕಡೆ ನೋಡದೆ ಹೇಳಿದ.

"ಮಳಿ ಬಂದ್ರ ಹಿಂದಿನ ಗಾಲಿ ಜಾರಾಕತ್ತಾವ, ಚಲೋವನ್ನ ಹಿಂದ ಹಾಕೂಣು ಅಂತ ಜುಲೈದಾಗ ಹೇಳಿದ್ನಿರಿ. ಸಾಹೇಬರು ಹೇಳ್ಯಾರ, ಮುಟ್ಟಬ್ಯಾಡ ಅಂದ್ರು ಮಾಲಕರು. ಮುಟ್ಟಲಿಲ್ರಿ."

ಯಾರ ಕೆನ್ನೆಗಾದರೂ ಬಾರಿಸಬೇಕು ಎನ್ನುವಷ್ಟು ಸಿಟ್ಟು ಬಂತು. ಯಾರ ಕೆನ್ನೆಗೆ ಎಂದು ತಿಳಿಯಲಿಲ್ಲ. ಆಟೋ ಹಿಡಿದು ಮನೆಗೆ ಬಂದೆ.

ನಿನ್ನ ತಪ್ಪಲ್ಲ ಎಂದು ಯಾರಾದರೂ ಹೇಳಬೇಕಾಗಿತ್ತು. ಮಗಳು ಹೇಳುತ್ತಾಳೆಂದು ಅವಳ ಮುಂದೆ ಎಲ್ಲವನ್ನೂ ಒದರಿದೆ. ಶರ್ವರಿ ಪ್ಲಾಸ್ಟರ್ ಹಾಕಿದ ಕೈಯನ್ನು ತಲೆದಿಂಬಿನ ಮೇಲಿಟ್ಟುಕೊಂಡು ಕೇಳಿದಳು.

"ಅಪ್ಪಾ, ಮಳ್ಯಾಗ ಗಾಡಿ ಹಿಂದ ಹೊಯ್ದಾಡ್ತದ ಅಂತ ನಾನೂ ಹೇಳಿದ್ದೆ. ನೀ ಏನಂದಿ, ನೆನಪದ ಏನು?"

ನೆನಪಿತ್ತು. ನೀನು ಕಾರಿನಲ್ಲಿ ಕೂರಲು ಶುರುಮಾಡಿ ಎಷ್ಟು ದಿನವಾಯಿತು, ನಾನು ಮೂವತ್ತೊಂದು ವರ್ಷ ಟೈರಿನಲ್ಲೇ ಕಳೆದಿದ್ದೇನೆ ಎಂದಿದ್ದೆ. ಅವಳು ಸಿಟ್ಟು ಮಾಡಿಕೊಂಡಿದ್ದರೆ ಜಗಳವಾಡಬಹುದಿತ್ತು. ಮಾಡಿಕೊಳ್ಳಲಿಲ್ಲ. ಬಂದವರಿಗೆಲ್ಲ ನನ್ನ ಸಿಟ್ಟಿನ ಕತೆ ಹೇಳುವ ಕೃಷ್ಣಾಬಾಯಿ ಕೂಡ ಆ ದಿನ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ನಾನು ಕೊಯ್ದದ್ದು ಇನ್ನೊಬ್ಬನ ಮೂಗು.

ಮರುದಿನ ಮಾದಾಪುರಕ್ಕೆ ಹೋದೆ. ಗೇಟಿನ ಕೋಣೆಯ ಗೋಡೆಯಲ್ಲಿ ಮೌನಪ್ಪನ ಫೋಟೋ ಇತ್ತು, ಯಾವುದೋ ಮದುವೆಯಲ್ಲಿ ತೆಗೆಸಿದ್ದು, ಹಣೆಯಲ್ಲಿ ವಿಭೂತಿ. ಟ್ರಾನ್ಸ್‌ಪೋರ್ಟ್ ಅಧಿಕಾರಿ ನನ್ನ ಮಗಳ ವಯಸ್ಸಿನವನು. ಚಹಾ ತರಿಸಿದ. ಡ್ರೈವರನ ತಪ್ಪೆಂದು ಫೈಲು ಮುಚ್ಚಿಯಾಗಿದೆ, ಇನ್ನು ತೆಗೆಯಲಾಗದು ಎಂದು ನಗುನಗುತ್ತಲೇ ಹೇಳಿದ. ನನ್ನ ಸಿಟ್ಟಿಗೆ ಅಷ್ಟೇ ಬೇಕಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತೀರಾ, ಒಂದು ಸಲವಾದರೂ ಬಗ್ಗಿ ಟೈರು ನೋಡಿದ್ದೀರಾ ಎಂದು ಹಿಂದಿಯಲ್ಲಿ ರೇಗಿದೆ. ಆ ಹುಡುಗ ಫೈಲು ತೆರೆದು ನನ್ನ ಕಡೆ ತಿರುಗಿಸಿದ. ಒಳಗಿದ್ದದ್ದು ಒಂದೇ ಸಾಕ್ಷಿ, ನನ್ನ ಎರಡು ಪುಟದ ಪತ್ರ. ಕೆಳಗೆ ನನ್ನದೇ ಸಹಿ.

ಹೊಸ ಕಾಗದ ಕೇಳಿ ಅಲ್ಲೇ ಕೂತು ಬರೆದೆ. ಈ ಸಲ ಅರ್ಧ ಪುಟ ಸಾಕಾಯಿತು. ಟೈರು ಆರಿಸಿದವನು ನಾನು. ಸವೆದವನ್ನು ಹಿಂದೆ ಹಾಕಿಸಿದವನು ನಾನು. ಜಾರುತ್ತದೆಂದು ಡ್ರೈವರು ಮೊದಲೇ ಎಚ್ಚರಿಸಿದ್ದ, ಅವನನ್ನು ತಡೆದದ್ದು ನನ್ನ ಮಾತು. ಕೆಳಗೆ ನರಸಿಂಹ, ನಿವೃತ್ತ ಟೈರ್ ಇನ್‌ಸ್ಪೆಕ್ಟರ್ ಎಂದು ಪೂರ್ತಿ ಬರೆದೆ. ಅಧಿಕಾರಿ ಎರಡು ಸಲ ಓದಿ, ಇದನ್ನು ನಿಜವಾಗಿಯೂ ಫೈಲಿನಲ್ಲಿ ಇಡಲೇ ಎಂದು ಕೇಳಿದ. ಇಡು ಎಂದೆ.

ಫೋಟೋ ತೆಗೆಯಲು ಮೂರು ವಾರ ಹಿಡಿಯಿತು. ಅಷ್ಟು ದಿನ ಮೌನಪ್ಪ ಮಿಯಾಪುರದಲ್ಲಿ ಕಟ್ಟಡದ ಕೆಲಸಕ್ಕೆ ಸಿಮೆಂಟ್ ಚೀಲ ಹೊತ್ತನಂತೆ. ಭೀಮಾಶಂಕರ ಎಂಟೂ ಗಾಡಿಗೆ ಮೆತ್ತನೆ ರಬ್ಬರಿನ ಅಗಲ ಗೆರೆಯ ಟೈರು ಹಾಕಿಸಿದ. ಈ ಸಲ ನನ್ನನ್ನು ಕೇಳಲು ಬರಲಿಲ್ಲ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಜಿಟಿಜಿಟಿ ಮಳೆಯಲ್ಲಿ, ಇಂಡಿಕಾ ಮತ್ತೆ ನಮ್ಮ ಬಾಗಿಲಿಗೆ ಬಂತು. ಶರ್ವರಿ ಹಿಂದಿನ ಸೀಟಿನಲ್ಲಿ ಕೂತಳು. ನಾನು ಕೊಡೆ ಹಿಡಿದುಕೊಂಡು ಗಾಡಿಯ ಹಿಂದೆ ಹೋದೆ, ಬಗ್ಗಿ ಹೆಬ್ಬೆರಳಿನ ಉಗುರನ್ನು ಟೈರಿಗೆ ಒತ್ತಿದೆ. ಮುಂದಿನ ಬಾಗಿಲು ತೆರೆದ ಸದ್ದಾಯಿತು. ಮೌನಪ್ಪ ಇಳಿದು ಬಂದು ನನ್ನ ಪಕ್ಕದಲ್ಲೇ ನಿಂತ. ಹಣೆಯ ಹೊಲಿಗೆಯ ಗುರುತು ಕೆಂಪಾಗಿತ್ತು.

"ಕೈ ತೆಗೀರಿ, ಸಾಹೇಬರ. ಗಾಡಿ ಓಡ್ಸಾಂವ ನಾನು. ಟೈರ್ ನಾನಾ ನೋಡ್ಕೋತೀನಿ."

ಅವನ ಮುಖದಲ್ಲಿ ಸಿಟ್ಟು ನೋಡಿದ್ದು ಅದೇ ಮೊದಲು. ನನಗೂ ಸಿಟ್ಟು ಉಕ್ಕಿ ಬಂತು. ಮೂವತ್ತೊಂದು ವರ್ಷ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಉಗುರು ರಬ್ಬರಿನಲ್ಲಿ ಚೆನ್ನಾಗಿ ಇಳಿದಿತ್ತು.

ಕೈ ತೆಗೆದೆ.