ಬೀರುವಿನೊಳಗಿದ್ದ ಮೇಷ್ಟ್ರು

ಭೂಗೋಳದ ಮೇಷ್ಟ್ರು ಈ ಕಥೆ ಹೇಳುವಾಗ ಮೊದಲು ತಾವೇ ನಗುತ್ತಾರೆ. ಬೇರೆಯವರು ನಗುವ ಮುಂಚೆ ತಾನೇ ನಕ್ಕುಬಿಟ್ಟರೆ ಮರ್ಯಾದೆ ಒಂದಿಷ್ಟು ಉಳಿಯುತ್ತದೆ ಎನ್ನುವುದು ಅವರ ಎಣಿಕೆ. ಉಳಿಯುವುದಿಲ್ಲ, ಆ ಮಾತು ಬೇರೆ. ಪರದೇಶದ ಶಾಲೆಯೊಂದರಲ್ಲಿ ಗೋಡೆಗೆ ನಕ್ಷೆ ತೂಗುಹಾಕಿ, ಕೋಲು ಹಿಡಿದು, ಮಕ್ಕಳನ್ನು ದಿನವೂ ಈ ಖಂಡದಿಂದ ಆ ಖಂಡಕ್ಕೆ ಸಮುದ್ರ ಹಾರಿಸುತ್ತಿದ್ದ ಮನುಷ್ಯನಿಗೆ ಸ್ವಂತ ಊರಿಗೆ ಹೋಗಿಬರಲು ಕೈಯಲ್ಲಿ ಪಾಸ್‌ಪೋರ್ಟ್ ಇರಲಿಲ್ಲ. ಅದು ಶಾಲೆಯ ಆಫೀಸಿನ ಕಬ್ಬಿಣದ ಬೀರುವಿನಲ್ಲಿತ್ತು. ಅದರ ಪಕ್ಕದಲ್ಲೇ ಕೆಲಸದ ಪರವಾನಗಿ, ಪದವಿಯ ಅಸಲು ಪ್ರಮಾಣಪತ್ರ, ಎಲ್ಲ. ನಿಜ ಹೇಳಬೇಕೆಂದರೆ ಮೇಷ್ಟ್ರು ಪೂರ್ತಿಯಾಗಿ ಬೀರುವಿನೊಳಗೇ ಇದ್ದರು. ಹೊರಗೆ ಪಾಠ ಮಾಡುತ್ತಿದ್ದದ್ದು ಬರೀ ಅಂಗಿ ಪ್ಯಾಂಟು.

ಯಾರೂ ಕಸಿದುಕೊಂಡದ್ದಲ್ಲ. ಬಂದ ದಿನವೇ ಶಾಲೆಯ ಮ್ಯಾನೇಜರು ಕೈ ಚಾಚಿ, "ಕೊಡಿ ಸಾರ್, ಇಲ್ಲಿ ಭದ್ರವಾಗಿರುತ್ತೆ" ಎಂದಿದ್ದರು. ಇವರು ತಲೆ ಮೇಲಿನ ಹೊರೆ ಇಳಿಸಿದಷ್ಟು ಹಗುರವಾಗಿ ಕೊಟ್ಟುಬಿಟ್ಟಿದ್ದರು. ಯಾಕೆಂದರೆ ಮೇಷ್ಟ್ರ ಕೈಯಲ್ಲಿ ಯಾವುದೂ ನಿಲ್ಲುವುದಿಲ್ಲ. ಕೊಡೆಗಳ ಮಾತು ಹಾಗಿರಲಿ, ಒಮ್ಮೆ ಪೇಟೆಗೆ ಸೈಕಲ್ಲಿನಲ್ಲಿ ಹೋಗಿ, ನಡೆದುಕೊಂಡು ಮನೆಗೆ ಬಂದು, ಊಟ ಮಾಡಿ ಮಲಗಿ ಎದ್ದ ಮೇಲೆ ಸೈಕಲ್ಲಿನ ನೆನಪಾದ ಮಹಾನುಭಾವರು ಅವರು. ಚಿಕ್ಕಂದಿನಲ್ಲಿ ಅವರ ಅಂಕಪಟ್ಟಿಗಳನ್ನೆಲ್ಲ ಅಪ್ಪ ಟ್ರಂಕಿನಲ್ಲಿಟ್ಟು ಕಾಯುತ್ತಿದ್ದರು. ಮದುವೆಯಾದ ಮೇಲೆ ಆ ಕಾಗದಗಳು ಹೆಂಡತಿಯ ಸುಪರ್ದಿಗೆ ವರ್ಗವಾದವು, ಜೊತೆಗೆ ಇವರೂ ವರ್ಗವಾದರು. ಈಗ ಮ್ಯಾನೇಜರು. ಬದುಕಿಡೀ ಯಾರಾದರೊಬ್ಬರು ತನ್ನ ಕಾಗದ ಪತ್ರ ಕಾಯುತ್ತಿರಬೇಕು ಎಂಬುದು ಅವರಿಗೆ ಉಸಿರಾಡಿದಷ್ಟು ಸಹಜವಾಗಿಬಿಟ್ಟಿತ್ತು.

ಹೊರಡುವಾಗ ಹೆಂಡತಿ ಮಾತ್ರ ಹೇಳಿದ್ದಳು. "ನೋಡಿ, ಯಾರು ಕೇಳಿದ್ರೂ ಪಾಸ್‌ಪೋರ್ಟ್ ಕೊಡ್ಬೇಡಿ. ನಾನು ಇಟ್ಕೊಳ್ಳೋ ಮಾತು ಬೇರೆ, ಕಂಡವರು ಇಟ್ಕೊಳ್ಳೋ ಮಾತು ಬೇರೆ." ಮೇಷ್ಟ್ರು ಕೋಲೆ ಬಸವನಂತೆ ತಲೆಯಾಡಿಸಿದ್ದರು. ಆಮೇಲೆ ಫೋನಿನಲ್ಲಿ ಆಕೆ ವಿಚಾರಿಸಿದಾಗಲೆಲ್ಲ "ನನ್ನ ಹತ್ರಾನೇ ಇದೆ ಮಾರಾಯ್ತಿ" ಎನ್ನುತ್ತ ಬಂದರು. ಒಂದು ಸಲವಂತೂ ತೋರಿಸಿ ಎಂದಳೆಂದು ಅದೇ ಬಣ್ಣದ ಡೈರಿಯೊಂದನ್ನು ಕ್ಯಾಮೆರಾದ ಮುಂದೆ ಹಾಗೆ ಆಡಿಸಿ ಹೀಗೆ ಒಳಗಿಟ್ಟಿದ್ದರು. ಅವತ್ತು ತಮ್ಮ ಜಾಣತನಕ್ಕೆ ತಾವೇ ಬೆನ್ನು ತಟ್ಟಿಕೊಂಡದ್ದೂ ಉಂಟು.

ಹೀಗಿರುವಾಗ ಹೆಂಡತಿಯ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿಕೊಂಡಿತು. ತೆಗೆಸಲೇಬೇಕೆಂದು ಡಾಕ್ಟರು ತಿಂಗಳ ಕೊನೆಗೆ ದಿನ ಗೊತ್ತುಮಾಡಿದರು.

"ಸಣ್ಣ ಆಪರೇಷನ್ನಂತೆ. ನೀವು ಬರ್ಲೇಬೇಕು ಅಂತೇನಿಲ್ಲ" ಎಂದಳು ಹೆಂಡತಿ.

ಫೋನಿನ ಆ ಕಡೆ ಸೀರೆಗೆ ಅಂಚು ಹೊಲಿಯುತ್ತಿದ್ದಳೇನೋ, ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು.

"ಭಯ ಆಗ್ತಿದೆ. ಪ್ರಜ್ಞೆ ತಪ್ಪಿಸೋ ಔಷಧಿ ಕೊಡ್ತಾರಂತಲ್ಲ, ಎದ್ದಾಗ ಎದುರಿಗೆ ನೀವು ಕಾಣ್ಬೇಕು. ಅಷ್ಟೇ ನನಗೆ ಬೇಕಿರೋದು."

ಇಪ್ಪತ್ತು ವರ್ಷ ಜೊತೆಗಿದ್ದು ಆಕೆಯ ಬಾಯಲ್ಲಿ ಭಯ ಎಂಬ ಮಾತು ಅವರು ಕೇಳಿದ್ದೇ ಇಲ್ಲ. "ಬರ್ತೀನಿ, ನೋಡ್ತಾ ಇರು" ಎಂದು ಗಟ್ಟಿಯಾಗಿ ಹೇಳಿ ಫೋನಿಟ್ಟರು. ಇಟ್ಟ ಮೇಲೆ ಬೀರು ನೆನಪಾಯಿತು.

ಮರುದಿನ ಮ್ಯಾನೇಜರ ಕೋಣೆಗೆ ಹೋದರು. ಮ್ಯಾನೇಜರು ಗದರುವ ಜಾತಿಯಲ್ಲ, ಬೆಣ್ಣೆಯಂಥ ಮಾತಿನವರು. ಕೂರಿಸಿದರು, ಚಹಾ ತರಿಸಿದರು, ಮನೆಯ ಕ್ಷೇಮ ವಿಚಾರಿಸಿದರು. ಗದರಿದ್ದರೆ ಮೇಷ್ಟ್ರಿಗೂ ರೋಷ ಬಂದು ಎರಡು ಮಾತು ಹೊರಡುತ್ತಿತ್ತೇನೋ. ಚಹಾ ಕುಡಿದ ಬಾಯಲ್ಲಿ ಹೇಗೆ ಕೇಳುವುದು? ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮ್ಯಾನೇಜರು, "ನೀವು ಬಂದಿದ್ದು ಒಳ್ಳೇದಾಯ್ತು, ಸಂಜೆ ಮಕ್ಕಳನ್ನ ಬಸ್ ಹತ್ತಿಸೋಕೆ ಯಾರೂ ಇಲ್ಲ" ಎಂದರು. ಮೇಷ್ಟ್ರು ಬಸ್ಸಿನ ಉಸ್ತುವಾರಿ ಹೊತ್ತು ಹೊರಬಂದರು. ಇನ್ನೊಮ್ಮೆ ಹೋದಾಗ ಗ್ರಂಥಾಲಯದ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟಿಸುವ ಕೆಲಸ ಕೊರಳಿಗೆ ಬಿತ್ತು. ಮತ್ತೊಮ್ಮೆ ಹೋದಾಗ ಶಾಲೆಯ ನಾಟಕ. ಕೇಳಲು ಹೋದವರು ಪ್ರತಿ ಸಲವೂ ಏನಾದರೊಂದನ್ನು ಹೊತ್ತುಕೊಂಡು ಬರುತ್ತಿದ್ದರು. ಇನ್ನು ನಾಲ್ಕು ಸಲ ಹೋಗಿದ್ದರೆ ಕಸ ಗುಡಿಸುವುದೂ ಅವರ ಪಾಲಿಗೇ ಬರುತ್ತಿತ್ತು.

ಕೊನೆಗೊಂದು ದಿನ ಚಹಾ ಬರುವ ಮೊದಲೇ ಕಣ್ಣು ಮುಚ್ಚಿಕೊಂಡು ಅಂದುಬಿಟ್ಟರು. "ನನ್ನ ಹೆಂಡತಿಗೆ ಆಪರೇಷನ್ ಇದೆ. ರಜೆ ಬೇಕಿತ್ತು. ಪಾಸ್‌ಪೋರ್ಟೂ ಬೇಕಿತ್ತು."

"ಅಯ್ಯೋ ಪಾಪ" ಎಂದರು ಮ್ಯಾನೇಜರು, ನಿಜವಾಗಿಯೇ. "ರಜೆ ವಿಷಯ ನೋಡೋಣ. ಪಾಸ್‌ಪೋರ್ಟ್ ಎಲ್ಲಿಗೆ ಹೋಗುತ್ತೆ, ಬೀರುವಲ್ಲಿ ತಣ್ಣಗೆ ಕೂತಿದೆ. ಹಾಜರಿ ಪುಸ್ತಕ ಬಸ್ಸಲ್ಲಿ ಬಿಟ್ಟೋರು ನೀವು, ಎರಡು ಕನ್ನಡಕ ಕಳ್ಕೊಂಡೋರು ನೀವು. ನಿಮ್ಮ ಒಳ್ಳೇದಕ್ಕೇ ಇಟ್ಟಿರೋದು. ನಾನೇನು ಹೊರಗಿನವನಾ?"

ಮೇಷ್ಟ್ರಿಗೆ ಅದು ಸರಿಯೆನಿಸಿತು. ಅದೇ ಅವರ ಕರ್ಮ. ಎದುರಿನವರು ತಮ್ಮ ಬಗ್ಗೆ ಹೇಳಿದ ಕೆಟ್ಟದ್ದೆಲ್ಲ ಅವರಿಗೆ ಸರಿಯೆನಿಸುತ್ತಿತ್ತು. ಹೂಂಗುಟ್ಟಿ ಏಳಬೇಕು, ಅಷ್ಟರಲ್ಲಿ ಮ್ಯಾನೇಜರು ಮೇಜಿನ ಖಾನೆಯಿಂದ ಬೀಗದ ಕೈಯೊಂದನ್ನು ತೆಗೆದು ಮುಂದೆ ಸರಿಸಿದರು.

"ನಮ್ಮ ಗುಮಾಸ್ತ ಕೆಲಸ ಬಿಟ್ಟ. ಬೀರುವಿನ ಜವಾಬ್ದಾರಿ ಇನ್ಮೇಲೆ ನಿಮ್ಮದು. ಎಲ್ಲಾ ಮೇಷ್ಟ್ರ ಕಾಗದಾನೂ ಅದರಲ್ಲಿದೆ. ನಾನು ಹೇಳದೆ ಯಾರಿಗೂ ಕೊಡೋ ಹಾಗಿಲ್ಲ. ನಂಬಿಕಸ್ತರು ಅಂದ್ರೆ ಇಲ್ಲಿ ನೀವೊಬ್ರೇ."

ಒಂದು ಕ್ಷಣದ ಹಿಂದೆ ತಾವು ಕಳೆದುಕೊಂಡದ್ದನ್ನೆಲ್ಲ ಸಾಲಾಗಿ ಹೇಳಿದವರೇ ಈಗ ತಮಗೆ ಬೀಗದ ಕೈ ಕೊಡುತ್ತಿದ್ದಾರಲ್ಲ ಎಂದು ಮೇಷ್ಟ್ರಿಗೆ ಹೊಳೆಯಲೇ ಇಲ್ಲ. ಮ್ಯಾನೇಜರಿಗೆ ಮನುಷ್ಯರ ಪರಿಚಯ ಚೆನ್ನಾಗಿತ್ತು. ಈತ ಬೀಗದ ಕೈಯನ್ನು ಕಳೆದರೂ ಕಳೆದಾನು, ಅಪ್ಪಣೆಯಿಲ್ಲದೆ ಬೀರು ತೆರೆಯಲಾರ. ಮೇಷ್ಟ್ರಾದರೋ ಹಿರಿಹಿರಿ ಹಿಗ್ಗಿದರು. ಮೂಗಿಗೆ ತುಪ್ಪ ಸವರಿಸಿಕೊಂಡು, ಬೀಗದ ಕೈಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ಹೊರಬಂದರು. ದಾರ ಕಟ್ಟಿದ್ದು ತಮ್ಮ ಮೇಲೆ ತಮಗಿದ್ದ ನಂಬಿಕೆಯಿಂದ.

ಬಿಡುವಿನ ಅವಧಿಯಲ್ಲೆಲ್ಲ ಬೀರುವಿನ ಮುಂದೆ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಕೈ ಚಾಚಿದರೆ ತಮ್ಮ ಪಾಸ್‌ಪೋರ್ಟ್, ಕೊರಳಲ್ಲಿ ಅದರ ಬೀಗದ ಕೈ. ಆದರೂ ಮ್ಯಾನೇಜರು ಯಾವಾಗ ಹೇಳುತ್ತಾರೋ ಎಂದು ಕಾಯುತ್ತಿದ್ದರು. ಆಪರೇಷನ್ನಿನ ದಿನ ಹತ್ತಿರವಾಗುತ್ತಿತ್ತು. "ಟಿಕೆಟ್ ಆಯ್ತಾ?" ಎಂದು ಹೆಂಡತಿ ಕೇಳಿದಳು. "ಎಲ್ಲಾ ನನ್ನ ಕೈಯಲ್ಲೇ ಇದೆ" ಎಂದರು. ಆ ಮಟ್ಟಿಗೆ ಅದು ಸುಳ್ಳೂ ಅಲ್ಲ.

ಆ ವಾರ ವಿಜ್ಞಾನದ ಮೇಡಂ ಬಂದರು. ಇನ್ನೊಂದು ದೇಶದಿಂದ ಬಂದಿದ್ದ, ಮಗಳ ವಯಸ್ಸಿನ ಹುಡುಗಿ.

"ಸಾರ್, ನನ್ನ ಪಾಸ್‌ಪೋರ್ಟ್ ಕೊಡಿ."

"ಯಾಕಮ್ಮ, ಊರಿಗೆ ಹೊರಟ್ಯಾ?"

"ಇಲ್ಲ."

"ಏನಾದ್ರೂ ತೊಂದ್ರೆನಾ?"

"ಇಲ್ಲ ಸಾರ್. ನನ್ನದು, ನನ್ನ ಹತ್ರ ಇರ್ಲಿ ಅಂತ. ವಲಸೆ ಆಫೀಸಿಗೆ ಹೋಗಿ ಕೇಳ್ದೆ. ನಕಲು ಪ್ರತಿ ಶಾಲೇಲಿ ಇದ್ರೆ ಸಾಕಂತೆ, ಅಸಲು ನಮ್ಮ ಹತ್ರಾನೇ ಇರ್ಬೇಕಂತೆ."

ಮೇಷ್ಟ್ರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ದೊಡ್ಡವರ ಗತ್ತು ತಾನಾಗಿ ಬಂತು. "ನೋಡಮ್ಮ, ನಿನಗಿನ್ನೂ ಚಿಕ್ಕ ವಯಸ್ಸು. ಬಾಡಿಗೆ ರೂಮು, ನಾಲ್ಕು ಜನ ಓಡಾಡೋ ಜಾಗ. ಕಳೆದುಹೋದ್ರೆ ಏನು ಮಾಡ್ತೀಯ? ಇಲ್ಲಿ ಭದ್ರವಾಗಿರುತ್ತೆ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ನಾನೇನು ಹೊರಗಿನವನಾ?"

ಹುಡುಗಿ ಅವರನ್ನೇ ನೋಡಿದಳು. ಸಿಟ್ಟಿರಲಿಲ್ಲ, ಬೇಸರವಿತ್ತು. "ಮ್ಯಾನೇಜರೂ ಇದನ್ನೇ ಅಂದ್ರು ಸಾರ್. ನೀವು ನಮ್ಮ ಥರ ಮೇಷ್ಟ್ರು ಅಂತ ನಿಮ್ಮ ಹತ್ರ ಬಂದೆ."

ಮೇಷ್ಟ್ರಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ತನ್ನ ಬಾಯಲ್ಲಿ ಮ್ಯಾನೇಜರ ಮಾತು ಒಂದಕ್ಷರವೂ ಹೆಚ್ಚುಕಡಿಮೆಯಾಗದೆ ಬಂದಿತ್ತು, ಮೇಲಾಗಿ ಇಷ್ಟು ಸಲೀಸಾಗಿ. ಇಷ್ಟು ವರ್ಷ ಪಾಠ ಒಪ್ಪಿಸು ಎಂದು ಮಕ್ಕಳ ಪ್ರಾಣ ಹಿಂಡಿದ್ದಕ್ಕೆ ಸರಿಯಾಗಿ ನಾನೂ ಈ ಒಂದು ಪಾಠವನ್ನು ಚೆನ್ನಾಗಿ ಬಾಯಿಪಾಠ ಮಾಡಿದ್ದೇನೆ, ಬೆಪ್ಪುತಕ್ಕಡಿ ಎಂದು ತಮಗೆ ತಾವೇ ಶಾಪ ಹಾಕಿಕೊಂಡು ಎದ್ದರು. ಬೀರು ತೆರೆದರು. ಹುಡುಗಿಯ ಪಾಸ್‌ಪೋರ್ಟು, ಪರವಾನಗಿ, ಪ್ರಮಾಣಪತ್ರ ಹುಡುಕಿ ಕೈಗಿಟ್ಟರು. "ತಗೋಮ್ಮ. ನಿನ್ನದು." ಆಕೆ ಎರಡೂ ಕೈಯಲ್ಲಿ ತೆಗೆದುಕೊಂಡು, "ಥ್ಯಾಂಕ್ಸ್ ಸಾರ್" ಎಂದು ಹೊರಟಳು.

ಮೇಷ್ಟ್ರು ಬೀರುವಿಗೆ ಬೀಗ ಜಡಿದು, ಎದೆಯುಬ್ಬಿಸಿಕೊಂಡು ಬಸ್ ನಿಲ್ದಾಣಕ್ಕೆ ನಡೆದರು. ಜೀವಮಾನದಲ್ಲಿ ಮೊದಲ ಸಲ ಗಂಡಸಿನಂಥ ಕೆಲಸ ಮಾಡಿದೆ ಅನಿಸಿತು. ನಾಳೆ ಮ್ಯಾನೇಜರು ಏನೆಂದರೂ ಎದುರಿಸುತ್ತೇನೆ, ಹೆಚ್ಚೆಂದರೆ ಬೀಗದ ಕೈ ಕಿತ್ತುಕೊಳ್ಳಬಹುದು, ಕಿತ್ತುಕೊಳ್ಳಲಿ ಎಂದುಕೊಂಡರು. ಬಸ್ಸು ಬಂತು, ಹತ್ತಿದರು, ಸೀಟು ಸಿಕ್ಕಿತು. ಕೂತ ಮೇಲೆ ನೆನಪಾಯಿತು. ತಮ್ಮದನ್ನು ತೆಗೆದುಕೊಂಡಿರಲಿಲ್ಲ. ಬೀರು ಹಾರುಹೊಡೆದುಕೊಂಡಿತ್ತು, ಪಾಸ್‌ಪೋರ್ಟ್ ಕಣ್ಣೆದುರಿಗಿತ್ತು, ತಾವೇ ತಮ್ಮ ಕೈಯಾರೆ ಅದರ ಮೇಲೆ ಬೀಗ ಹಾಕಿ ಬಂದಿದ್ದರು. ಮುಂದಿನ ನಿಲ್ದಾಣದಲ್ಲಿ ಇಳಿದು ಏದುಸಿರು ಬಿಡುತ್ತ ವಾಪಸು ಓಡಿದರೆ ಕಾವಲುಗಾರ ಗೇಟು ಮುಚ್ಚಿಕೊಂಡು ಹೋಗಿಯಾಗಿತ್ತು.

ರೂಮಿಗೆ ಬಂದು ಹೆಂಡತಿಗೆ ಫೋನು ಮಾಡಿದರು. ಇನ್ನು ಮುಚ್ಚಿಡಲು ಮೈಯಲ್ಲಿ ಶಕ್ತಿ ಉಳಿದಿರಲಿಲ್ಲ. ಡೈರಿಯಿಂದ ಹಿಡಿದು ಬಸ್ಸಿನ ತನಕ ಎಲ್ಲವನ್ನೂ ಹೇಳಿದರು. ಆ ಕಡೆಯಿಂದ ಬಿಕ್ಕಿದಂಥ ಸದ್ದು ಬಂತು. ಅಳುತ್ತಿದ್ದಾಳೆ ಅಂದುಕೊಂಡರು. ನಗುತ್ತಿದ್ದಳು.

"ಹುಡುಗಿಗೆ ಕೊಟ್ಟು ನಿಮ್ಮದನ್ನ ಬಿಟ್ಟು ಬಂದ್ರಾ?" ನಕ್ಕು ನಕ್ಕು ಸುಸ್ತಾಗಿ ಕೇಳಿದಳು. ಆಮೇಲೆ ನಗು ನಿಲ್ಲಿಸಿ, "ಡೈರಿ ಅಂತ ನನಗೆ ಅವತ್ತೇ ಗೊತ್ತಾಗಿತ್ತು ರೀ. ಕೇಳಿದ್ರೆ ನೀವು ಇನ್ನೊಂದು ಸುಳ್ಳು ಹೇಳ್ತಿದ್ರಿ ಅಂತ ಸುಮ್ನಿದ್ದೆ. ತಪ್ಪು ನನ್ನದೂ ಇದೆ. ನಿಮ್ಮ ಕೈಗೆ ಯಾವತ್ತು ಏನು ಕೊಟ್ಟಿದ್ದೀನಿ ನಾನು?" ಎಂದಳು. "ನಾಳೆ ಹೋಗಿ ಇಸ್ಕೊಳ್ಳಿ. ಜಗಳ ಏನೂ ಬೇಡ. ಚಹಾ ಕುಡೀಬೇಡಿ, ಅಷ್ಟೆ."

ಬೆಳಿಗ್ಗೆ ಮ್ಯಾನೇಜರು ಆಫೀಸಿನ ಬಾಗಿಲಲ್ಲೇ ನಿಂತಿದ್ದರು. ಸುದ್ದಿ ಮುಟ್ಟಿತ್ತು. ಮುಖದಲ್ಲಿ ಕೋಪಕ್ಕಿಂತ ನೋವೇ ಹೆಚ್ಚು. ಅದು ಅವರ ದೊಡ್ಡ ಅಸ್ತ್ರ.

"ನಿಮ್ಮನ್ನ ನಮ್ಮವರು ಅಂತ ನಂಬಿದ್ದೆ. ಬೀಗದ ಕೈ ಕೊಡಿ."

"ಕೊಡ್ತೀನಿ" ಎಂದರು ಮೇಷ್ಟ್ರು. ಹಾಗೆಂದು ಕೊಡದೆ ಒಳಗೆ ಹೋಗಿ, ಜೇಬಿನಲ್ಲಿದ್ದ ರಜೆ ಅರ್ಜಿಯನ್ನು ಮೇಜಿನ ಮೇಲಿಟ್ಟು ಬೀರುವಿನ ಮುಂದೆ ನಿಂತರು. ಬೀಗದ ಕೈ ತೂತಿಗೆ ಕೂರುವುದಿಲ್ಲವೆಂದು ಹಟ ಮಾಡಿತು. ಮ್ಯಾನೇಜರು ಹಿಂದೆಯೇ ಬಂದು ನಿಂತರು. ಮೇಷ್ಟ್ರು ತಮ್ಮ ಪಾಸ್‌ಪೋರ್ಟು, ಪರವಾನಗಿ, ಪ್ರಮಾಣಪತ್ರ ಮೂರನ್ನೂ ತೆಗೆದು ಎದೆಗವಚಿಕೊಂಡು, ಆಮೇಲೆ ಕೊರಳಿನ ದಾರ ಬಿಚ್ಚಿ ಕೊಟ್ಟರು.

"ಸಾರ್, ನೀವು ಕಳ್ಕೋತೀರ" ಎಂದರು ಮ್ಯಾನೇಜರು.

"ಕಳ್ಕೊಂಡ್ರೂ ಕಳ್ಕೊಂಡೆ. ನನ್ನದನ್ನ ನಾನೇ ಕಳ್ಕೋತೀನಿ ಬಿಡಿ."

"ರಜೆ?"

"ಅರ್ಜಿ ಮೇಜಿನ ಮೇಲಿಟ್ಟಿದ್ದೀನಿ. ರಜೆ ಕೊಡೋದು ನಿಮಗೆ ಸೇರಿದ್ದು. ಇದು ನನಗೆ ಸೇರಿದ್ದು."

ಚಹಾ ತರಲೇ ಎಂದು ಯಾರೋ ಬಾಗಿಲಲ್ಲಿ ಕೇಳಿದರು. ಮೇಷ್ಟ್ರು ಬೇಡ ಎಂದರು. ಮಧ್ಯಾಹ್ನದೊಳಗೆ ರಜೆಗೆ ಸಹಿ ಬಿತ್ತು. ಪಾಸ್‌ಪೋರ್ಟ್ ಕೈಯಲ್ಲಿರುವವನ ಅರ್ಜಿಗೆ ಸಹಿ ಬೇಗ ಬೀಳುತ್ತದೆ ಎನ್ನುವುದು ಭೂಗೋಳದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಆಪರೇಷನ್ನಿನ ದಿನ ಹೆಂಡತಿ ಹಸಿರು ಅಂಗಿ ತೊಟ್ಟು ಗಾಲಿ ಮಂಚದ ಮೇಲೆ ಮಲಗಿದ್ದಳು. ಮೈಮೇಲೆ ಲೋಹದ ತುಣುಕೂ ಇರಬಾರದು ಎಂದು ನರ್ಸ್ ಹೇಳಿದಾಗ ಕಿವಿಯ ಓಲೆ ಬಿಚ್ಚಿದಳು. ಸಾಸಿವೆಗಿಂತ ಸ್ವಲ್ಪ ದೊಡ್ಡ ಹರಳು, ಅದಕ್ಕಿಂತ ಸಣ್ಣ ತಿರುಪು, ಅಂಥವು ಎರಡು. ನೆಲಕ್ಕೆ ಬಿದ್ದರೆ ದೇವರೇ ಹುಡುಕಬೇಕು.

"ಕೌಂಟರಿನಲ್ಲಿ ಲಾಕರ್ ಇದೆ, ಅಲ್ಲಿಟ್ರೆ ಭದ್ರ" ಎಂದಳು ನರ್ಸ್.

ಹೆಂಡತಿ ನರ್ಸಿನ ಕಡೆ ತಿರುಗಲೂ ಇಲ್ಲ. ಗಂಡನ ಅಂಗೈ ಬಿಡಿಸಿ, ಓಲೆಗಳನ್ನು ಒಂದೊಂದಾಗಿ ಅದರಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದಳು. "ಇವರ ಹತ್ರಾನೇ ಇರ್ಲಿ" ಎಂದಳು.

ಮಂಚ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಮೇಷ್ಟ್ರು ಬೆಂಚಿನ ಮೇಲೆ ಕೂತರು. ಜೇಬಿಗೆ ಹಾಕಿಕೊಳ್ಳಲು ಧೈರ್ಯವಾಗಲಿಲ್ಲ. ಮೈದುನ ಕಾಫಿ ತಂದುಕೊಟ್ಟಾಗ ಎಡಗೈಯಲ್ಲಿ ಹಿಡಿದು ಕುಡಿದರು, ಅರ್ಧ ಅಂಗಿಗೆ ಚೆಲ್ಲಿಕೊಂಡರು. ಹೆಂಡತಿ ಕಣ್ಣು ಬಿಟ್ಟಾಗ ಎದುರಿಗೆ ಕಂಡದ್ದು ಕಲೆಯಾದ ಆ ಅಂಗಿ ಮತ್ತು ಇನ್ನೂ ಬಿಗಿಯಾಗಿ ಮುಚ್ಚಿಕೊಂಡಿದ್ದ ಬಲಗೈ. ತೆರೆಯಲು ಹೋದರೆ ಬೆರಳುಗಳು ಮರಗಟ್ಟಿದ್ದವು. ಆಕೆಯೇ ಒಂದೊಂದಾಗಿ ಬಿಡಿಸಬೇಕಾಯಿತು.