ಮುಚ್ಚಿದ ಕೈಯೇ ತೆರೆಯಿತು

ಸೋಮವಾರ ಬೆಳಿಗ್ಗೆ ಹೊಲಿಗೆಯಕ್ಕನ ಮನೆಗೆ ಗಿರಾಕಿಗಳು ಬಂದದ್ದು ಬಟ್ಟೆ ಕೊಡಲಿಕ್ಕಲ್ಲ, ಕೊಟ್ಟದ್ದನ್ನು ವಾಪಸ್ ಕೇಳಲಿಕ್ಕೆ.

“ಒಂದು ತೋಳು ಹಚ್ಚಿದ್ದೀನಿ. ಇನ್ನೊಂದೂ ಹಚ್ಚಿಕೊಡ್ತೀನಿ, ಹತ್ತು ನಿಮಿಷ ಕೂತ್ಕೊಳ್ಳಿ” ಎಂದಳು ಆಕೆ.

“ಬೇಡಮ್ಮಾ, ಇದ್ದ ಹಾಗೇ ಕೊಟ್ಟುಬಿಡು. ನಿನ್ನ ಹತ್ರ ಹೊಲಿಸಿದ್ರೆ ನಮಗೂ ಮಾತು ಬರುತ್ತೆ.”

ಒಂದೇ ತೋಳಿನ ಅಂಗಿ ಹಾಗೇ ಮೆಟ್ಟಿಲಿಳಿದು ಹೋಯಿತು.

ಕಾರಣ ಬೀದಿಗೆಲ್ಲ ಗೊತ್ತಿತ್ತು. ಹೊಲಿಗೆಯಕ್ಕ, ಅವಳ ಅತ್ತೆ, ವೆಲ್ಡರ್ ಕೆಲಸದ ಗಂಡ ಮೂವರೂ ಯೇಸುವನ್ನು ನಂಬಿದವರು. ಅಂಥ ಹನ್ನೊಂದು ಕುಟುಂಬಗಳು ಬೀದಿಯ ಕೊನೆಯ ಕೋಣೆಯೊಂದರಲ್ಲಿ ಭಾನುವಾರ ಪ್ರಾರ್ಥನೆಗೆ ಸೇರುತ್ತಿದ್ದವು. ಬೀದಿಯ ಮುಖಂಡನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಮೊದಲು ಗೋಡೆಗೆ ಮಸಿ ಬಳಿಸಿದ. ಆಮೇಲೆ ಬೆಂಚು ಮುರಿಸಿದ. ನಿನ್ನೆ ಭಾನುವಾರ ಹೋಗಿ ನೋಡಿದರೆ, ಕೋಣೆಯ ಕಬ್ಬಿಣದ ಬಾಗಿಲಿಗೆ ನಾಲ್ಕು ಕಡೆ ಬೆಸುಗೆ ಹಾಕಿ ಮುಚ್ಚಿಬಿಟ್ಟಿದ್ದರು.

ಸಂಜೆ ಅದೇ ಪ್ರಾರ್ಥನೆಗೆ ಸೇರುವ ನರ್ಸಮ್ಮ ಬಂದಳು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದ ಹೆಂಗಸು. ಆ ಮುಖಂಡನೂ ಚಿಕ್ಕಂದಿನಲ್ಲಿ ಅವಳ ಸೂಜಿಗೆ ಹೆದರಿ ಮಂಚದ ಕೆಳಗೆ ನುಸುಳಿದವನೇ. ಅವಳ ಕೈಯಲ್ಲಿ ಯೇಸುವಿನ ಬದುಕು ಹೇಳುವ ಸುವಾರ್ತೆಯ ಪುಸ್ತಕವೂ ಒಂದಷ್ಟು ಬಿಳಿ ಹಾಳೆಗಳೂ ಇದ್ದವು.

“ಎಲ್ಲರೂ ಸೇರಿ ಒಂದು ದೂರು ಬರೆಯೋಣ” ಎಂದಳು.

ವೆಲ್ಡರ್ ತಲೆ ಎತ್ತಲಿಲ್ಲ. “ಯಾಕೆ ಬೇಕು ನರ್ಸಮ್ಮ? ಸುಮ್ಮನಿದ್ರೆ ಅವರೂ ಸುಮ್ಮನಾಗ್ತಾರೆ. ನಂಬಿಕೆ ಮನಸ್ಸಲ್ಲಿದ್ರೆ ಸಾಲದಾ? ನಮ್ಮಂಥೋರಿಗೆ ಅಷ್ಟು ಧೈರ್ಯ ಎಲ್ಲಿಂದ ಬರ್ಬೇಕು?”

“ಹೆದರಿಕೆ ಆಗೋದು ತಪ್ಪಲ್ಲಪ್ಪ. ತನ್ನನ್ನ ವೈರಿಗಳಿಗೆ ಹಿಡಿದುಕೊಡೋ ಹೊತ್ತು ಹತ್ತಿರ ಬಂದಾಗ ಯೇಸು ಸ್ವಾಮೀನೇ ತೋಟದಲ್ಲಿ ನೆಲಕ್ಕೆ ಬಿದ್ದು ಪ್ರಾರ್ಥನೆ ಮಾಡಿದ. ಆಗೋದಾದ್ರೆ ಈ ಕಷ್ಟ ತಪ್ಪಿಸಪ್ಪಾ ಅಂತ ತಂದೆ ದೇವರನ್ನ ಬೇಡ್ಕೊಂಡ. ಜೊತೆಗಿರಿ ಅಂದ್ರೆ ಗೆಳೆಯರು ನಿದ್ದೆ ಹೊಡೀತಿದ್ರು.”

“ನನ್ನ ಮಗನ ಹಾಗೆ” ಎಂದಳು ಮೂಲೆಯಲ್ಲಿದ್ದ ಅತ್ತೆ. ಯಾರೂ ನಗಲಿಲ್ಲ.

“ಆದ್ರೂ ಸ್ವಾಮಿ ಎದ್ದು, ಹಿಡಿಯೋಕೆ ಬಂದೋರ ಮುಂದೆ ಹೋಗಿ ನಿಂತ” ಎಂದು ನರ್ಸಮ್ಮ ಮುಂದುವರಿಸಿದಳು. “ಶಿಷ್ಯ ಪೇತ್ರ ಏನು ಮಾಡ್ದ ಗೊತ್ತಲ್ಲ? ಸ್ವಾಮೀನ ಹಿಡ್ಕೊಂಡು ಹೋದ ಮನೆ ಅಂಗಳದಲ್ಲಿ ಬೆಂಕಿ ಕಾಯಿಸ್ತಾ ಕೂತಿದ್ದ. ಕೆಲಸದ ಹುಡುಗಿಯೊಬ್ಬಳು ನೀನೂ ಅವನ ಕಡೆಯವನಲ್ವಾ ಅಂದ್ಲು. ನನಗೆ ಅವನ ಪರಿಚಯಾನೇ ಇಲ್ಲ ಅಂದುಬಿಟ್ಟ. ಒಂದ್ಸಲ ಅಲ್ಲ, ಮೂರು ಸಲ. ಆಮೇಲೆ ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ.”

ವೆಲ್ಡರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

“ಆ ಬೆಸುಗೆ ಹಾಕಿದ್ದು ನಾನೇ” ಎಂದ.

ಹೊಲಿಗೆ ಮೆಷಿನ್ನಿನ ಮೇಲಿದ್ದ ಹೆಂಡತಿಯ ಕೈ ಅಲ್ಲೇ ನಿಂತಿತು.

“ಶನಿವಾರ ಮಧ್ಯಾಹ್ನ ಮುಖಂಡ ವರ್ಕ್‌ಶಾಪಿಗೆ ಬಂದ. ನೀನೂ ಆ ಪ್ರಾರ್ಥನೆಯವನಾ ಅಂತ ಕೇಳ್ದ. ನಂದೇನೂ ಇಲ್ಲ, ಅದೆಲ್ಲ ಮನೆ ಹೆಂಗಸರದು ಅಂದೆ. ಹಾಗಾದ್ರೆ ಬಾ, ಬಾಗಿಲು ಮುಚ್ಚು ಅಂದ. ಮುಖಕ್ಕೆ ಕವಚ ಇತ್ತು, ಯಾರಿಗೂ ಗುರುತು ಸಿಗ್ಲಿಲ್ಲ.”

“ನಿನ್ನೆ ನನ್ನ ಜೊತೇನೇ ಬಂದು ಆ ಬಾಗಿಲು ನೋಡಿದ್ರಲ್ಲ!” ಹೊಲಿಗೆಯಕ್ಕ ಮೆಷಿನ್ ಬಿಟ್ಟು ಎದ್ದಳು. “ಅಯ್ಯೋ ಅಂತ ಬೇರೆ ಅಂದ್ರಿ!”

“ಅಂದೆ. ಆಮೇಲಿಂದ ತಟ್ಟೆ ಮುಂದೆ ತಲೆ ಎತ್ತಿ ಕೂತಿಲ್ಲ.”

ಅತ್ತೆ ಗೋಡೆ ಹಿಡಿದು ಎದ್ದು ಬಂದು ಮಗನ ತಲೆಗೆ ಒಂದು ಮೊಟಕಿದಳು. ಆಮೇಲೆ ಅದೇ ತಲೆಯನ್ನು ಎದೆಗೆ ಒತ್ತಿಕೊಂಡಳು. “ಮುಂದಕ್ಕೆ ಹೇಳು ನರ್ಸಮ್ಮ. ಆ ಪೇತ್ರನ ಗತಿ ಏನಾಯ್ತು ಅಂತ ಇವನೂ ಕೇಳ್ಲಿ.”

“ಸ್ವಾಮಿ ಶಿಲುಬೆ ಮೇಲೆ ಸತ್ತು, ಮೂರನೇ ದಿನ ಎದ್ದು ಬಂದ. ಸರೋವರದ ದಂಡೆಯಲ್ಲಿ ತಾನೇ ಬೆಂಕಿ ಮಾಡಿ, ಮೀನು ಸುಟ್ಟು, ಊಟಕ್ಕೆ ಬನ್ನಿ ಅಂತ ಶಿಷ್ಯರನ್ನ ಕರೆದ. ಪೇತ್ರನನ್ನ ಬೈಲಿಲ್ಲ. ನನ್ನ ಮೇಲೆ ಪ್ರೀತಿ ಇದೆಯಾ ಅಂತ ಮೂರು ಸಲ ಕೇಳಿದ. ಕೇಳಿದಾಗೆಲ್ಲ ಒಂದು ಕೆಲಸ ಒಪ್ಪಿಸಿದ, ನನ್ನ ಜನರನ್ನ ನೋಡ್ಕೋ ಅಂತ. ಮುಂದೆ ಅದೇ ಪೇತ್ರ ದೊಡ್ಡ ಜನಸಂದಣಿ ನಡುವೆ ನಿಂತು ಯೇಸುವಿನ ಹೆಸರು ಹೇಳಿದ.”

ವೆಲ್ಡರ್ ಅಮ್ಮನ ಎದೆಯಿಂದ ತಲೆ ಎತ್ತಿದ. ನರ್ಸಮ್ಮನತ್ತ ಕೈ ಚಾಚಿದ. “ಹಾಳೆ ಕೊಡಿ. ಮೊದಲು ನಂದೇ ಬರೀರಿ.”

ನರ್ಸಮ್ಮ ಒಂದೊಂದಾಗಿ ಕೇಳಿ ಬರೆದಳು. ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಏನೆಂದರು, ಯಾರು ಕಂಡರು. “ಕೋಪ ಬೇಡ, ಬೈಗುಳ ಬೇಡ, ನಡೆದದ್ದು ಮಾತ್ರ. ಹೆಚ್ಚೂ ಬೇಡ, ಕಮ್ಮೀನೂ ಬೇಡ” ಎಂದಳು. ಮಸಿ ಬಳಿದ ಗೋಡೆ, ಮುರಿದ ಬೆಂಚು, ಬೆಸುಗೆಯ ಬಾಗಿಲು ಎಲ್ಲದರ ಫೋಟೊ ತೆಗೆದರು. ಹನ್ನೊಂದೂ ಮನೆಯವರು ಸಹಿ ಹಾಕಿ, ಒಟ್ಟಿಗೇ ತಾಲ್ಲೂಕು ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ಕೊಟ್ಟದ್ದಕ್ಕೆ ಚೀಟಿ ಪಡೆದರು.

ಮುಂದಿನ ಭಾನುವಾರ ಮುಚ್ಚಿದ ಬಾಗಿಲ ಮುಂದೆ, ಮೆಟ್ಟಿಲ ಮೇಲೇ ಚಾಪೆ ಹಾಸಿ ಪ್ರಾರ್ಥನೆಗೆ ಕೂತರು. ಮುಖಂಡನ ಕಡೆಯವರು ಕೆಸರು ನೀರು ಎರಚಿದರು. ಯಾರೂ ಏಳಲಿಲ್ಲ, ಯಾರೂ ತಿರುಗಿ ಬೈಯಲಿಲ್ಲ. ಶಿಲುಬೆಯ ಮೇಲಿಂದ ಯೇಸು ತನ್ನನ್ನು ಕೊಂದವರಿಗಾಗಿ ಬೇಡಿಕೊಂಡ ಹಾಗೆ ಇವರೂ ಎರಚಿದವರಿಗಾಗಿ ಬೇಡಿಕೊಂಡರು. “ಹೇಗೂ ಸೀರೆ ಒಗೆಯೋದಿತ್ತು” ಎಂದಳು ಅತ್ತೆ. ಈ ಸಲ ಎಲ್ಲರೂ ನಕ್ಕರು.

ಅದರ ಮುಂದಿನ ಭಾನುವಾರ ಎದುರುಮನೆಯ ಮೇಷ್ಟ್ರು ತಮ್ಮ ಕುರ್ಚಿ ತಂದು ಅವರ ನಡುವೆ ಹಾಕಿಕೊಂಡರು. “ನಾನು ನಿಮ್ಮ ಪ್ರಾರ್ಥನೆಯವನಲ್ಲ. ಆದ್ರೆ ಇನ್ನೊಬ್ಬರ ಬಾಗಿಲು ಮುಚ್ಚೋದು ಅನ್ಯಾಯ. ಅರ್ಜಿ ಕೊಟ್ಟಿದ್ದೀರಂತಲ್ಲ, ಅದಕ್ಕೆ ನನ್ನ ಸಹಿಯೂ ಇರಲಿ” ಎಂದರು. ಅವರ ಹಿಂದೆ ಆರು ಮನೆಯವರು ಬಂದರು. ಮರುದಿನ ಕಚೇರಿಯಲ್ಲಿ ಅರ್ಜಿಗೆ ಇನ್ನೊಂದು ಹಾಳೆ ಸೇರಿತು.

ಮೂರನೇ ವಾರ ಕಚೇರಿಯ ಅಧಿಕಾರಿಯೇ ಬಂದರು. ಬೀದಿ ತುಂಬಾ ಜನ. ಮುಖಂಡ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. “ಇದನ್ನ ಯಾರು ಮುಚ್ಚಿದ್ದು?” ಎಂದು ಅಧಿಕಾರಿ ಕೇಳಿದರು.

ವೆಲ್ಡರ್ ಮುಂದೆ ಬಂದ. “ನಾನೇ ಸಾರ್. ಮಾಡಿಸಿದ್ದು ಈ ಮುಖಂಡರು. ಆ ದಿನ ನಾನು ಯೇಸುವಿನವನಲ್ಲ ಅಂತ ಹೇಳಿದ್ದೆ. ಅದು ಸುಳ್ಳು. ನಾನು ಅವನವನೇ.”

ಬೀದಿಯವರೆಲ್ಲ ಮುಖಂಡನ ಕಡೆ ತಿರುಗಿದರು. ಮುಖಂಡನ ಕೈ ಸೊಂಟದಿಂದ ಕೆಳಗಿಳಿಯಿತು. ಅಧಿಕಾರಿ ಎಲ್ಲವನ್ನೂ ಬರೆದುಕೊಂಡು, ಅಲ್ಲೇ ನಿಂತು ಆದೇಶ ಕೊಟ್ಟರು: “ಬಾಗಿಲು ತೆಗೀರಿ.”

ವೆಲ್ಡರ್ ಕಟ್ಟಿಂಗ್ ಮೆಷಿನ್ ಹಿಡಿದ. ಈ ಸಲ ಕಣ್ಣಿಗೆ ಕನ್ನಡಕ ಮಾತ್ರ, ಮುಖ ಎಲ್ಲರಿಗೂ ಕಾಣುತ್ತಿತ್ತು. ನಾಲ್ಕನೇ ಬೆಸುಗೆ ಕತ್ತರಿಸಿದ್ದೇ ತಡ, ಹೊಲಿಗೆಯಕ್ಕ ಭುಜ ಕೊಟ್ಟು ಬಾಗಿಲು ತಳ್ಳಿದಳು. ಹನ್ನೊಂದು ಮನೆಗಳ ಹಾಡು ಧೂಳು ತುಂಬಿದ ಕೋಣೆಯಲ್ಲಿ ಎದ್ದು ಬೀದಿಯ ಆ ತುದಿಗೂ ಕೇಳಿಸಿತು.

ವರ್ಕ್‌ಶಾಪಿನವರು ವೆಲ್ಡರನನ್ನು ಕೆಲಸದಿಂದ ತೆಗೆದರು, ನಿಜ. ಕೆಲವು ಗಿರಾಕಿಗಳು ಇನ್ನೂ ಹೊಲಿಗೆಯಕ್ಕನ ಮನೆ ಕಡೆ ತಿರುಗಿಲ್ಲ. ಆದರೆ ಆ ಮನೆಯಲ್ಲಿ ಈಗ ಯಾರೂ ತಲೆ ತಗ್ಗಿಸಿ ಊಟ ಮಾಡುವುದಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ನಂಬಿಕೆಗಾಗಿ ನಿಮ್ಮನ್ನು ಯಾರಾದರೂ ಕಾಡುತ್ತಿದ್ದರೆ ಒಬ್ಬರೇ ಕೂತು ಕೊರಗಬೇಡಿ. ಸುವಾರ್ತೆಯಲ್ಲಿ ಯೇಸು ನೋವುಂಡ ಪುಟಗಳನ್ನು ನಾಲ್ಕು ಜನ ಸೇರಿ ಜೋರಾಗಿ ಓದಿ. ನಿಮ್ಮ ಹೆದರಿಕೆ ಅಲ್ಲಿದೆ, ಅದನ್ನು ದಾಟುವ ಬಲವೂ ಅಲ್ಲೇ ಇದೆ. ಕೈ ಎತ್ತಬೇಡಿ, ನಡೆದದ್ದನ್ನು ಬರೆದಿಡಿ, ಒಟ್ಟಿಗೆ ಹೋಗಿ ನ್ಯಾಯ ಕೇಳಿ. ಒಮ್ಮೆ ಹೆದರಿ ‘ನಾನಲ್ಲ’ ಅಂದುಬಿಟ್ಟಿದ್ದೀರಾ? ಪೇತ್ರನೂ ಅಂದಿದ್ದ. ಬನ್ನಿ, ನಮ್ಮ ಪ್ರಾರ್ಥನೆಯಲ್ಲಿ ನಿಮ್ಮ ಜಾಗ ಖಾಲಿ ಇಟ್ಟಿದ್ದೇವೆ.