ಹೊಸ್ತಿಲಿನ ಮೂರನೆಯ ಗೀರು

ಹಳೆಯ ಕಟ್ಟಡಗಳ ಮೇಲೆ ಹತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡುವುದು ರೋಬರ್ಟಾ ಹುಡಾಕಳ ಕಸುಬು. ಎಲ್ಲರ ಬಾಯಲ್ಲೂ ಆಕೆ ಬಾಬಿ. ಪಶ್ಚಿಮ ಪೆನ್ಸಿಲ್ವೇನಿಯಾದ ಕೋಟೆ, ಕಬ್ಬಿಣದ ಕುಲುಮೆ, ಮಾಡು ಹೊದಿಸಿದ ಮರದ ಸೇತುವೆ ಅಂತ ಮೂವತ್ತೊಂದು ಜಾಗಗಳಿಗೆ ಚಿತ್ರ ಮಾಡಿಕೊಟ್ಟಿದ್ದಳು. ನೋಡಲು ಬಂದವರು ಗೋಡೆಯ ಗುಂಡಿ ಒತ್ತುತ್ತಾರೆ, ಬೆಂಚಿನ ಮೇಲೆ ಕೂರುತ್ತಾರೆ, ಹತ್ತು ನಿಮಿಷ ಕಳೆದ ಮೇಲೆ ಎದ್ದು ಶೌಚಾಲಯ ಎಲ್ಲಿದೆ ಎಂದು ಕೇಳುತ್ತಾರೆ. ಚಿತ್ರವನ್ನು ಹನ್ನೊಂದು ನಿಮಿಷಕ್ಕೆ ಎಳೆದರೆ ಮುಗಿಯುವ ಮೊದಲೇ ಎದ್ದು ಕೇಳುತ್ತಾರೆ. ಐವತ್ತನಾಲ್ಕರ ಬಾಬಿಗೆ ತನ್ನ ಕಲೆಯ ಬಗ್ಗೆ ಇದಕ್ಕಿಂತ ದೊಡ್ಡ ಭ್ರಮೆ ಇರಲಿಲ್ಲ.

ಮೂವತ್ತೆರಡನೆಯದು ಬ್ರೇಡನ್ಸ್ ರಿಜ್ ಎಂಬ ಊರಿನ ಸುಂಕದ ಮನೆ. ಒಂದು ಕಾಲಕ್ಕೆ ಪಶ್ಚಿಮಕ್ಕೆ ಹೊರಟ ಗಾಡಿಗಳೆಲ್ಲ ಅದರ ಮುಂದೆ ನಿಂತು ಸುಂಕ ಕಟ್ಟಿಯೇ ಹೋಗಬೇಕಿತ್ತು. ಆರು ಮೂಲೆಯ ಪುಟ್ಟ ಕಲ್ಲುಮನೆ. ಅದರಲ್ಲಿ ನೋಡುವಂಥದ್ದೆಂದರೆ ಹೊಸ್ತಿಲು ಒಂದೇ. ಆ ಮರಳುಗಲ್ಲಿನ ಮೇಲೆ, ಬೆರಳಿಟ್ಟರೆ ಅರ್ಧ ಮುಳುಗುವಷ್ಟು ಆಳದ ಮೂರು ಗೀರುಗಳಿದ್ದವು. ಮೆಕ್ಸಿಕೋ ಯುದ್ಧಕ್ಕೆ ಹೊರಟ ಸಿಪಾಯಿಗಳು ಒಂದು ರಾತ್ರಿ ಇಲ್ಲಿ ತಂಗಿ ಕತ್ತಿ ಮಸೆದರಂತೆ. ಎರಡು ಗೀರು ಆಳವಾಗಿವೆ, ಮೂರನೆಯದು ಅಷ್ಟಿಲ್ಲ. ಅದು ನಗಾರಿ ಬಾರಿಸುವ ಹದಿನಾಲ್ಕರ ಹುಡುಗನದಂತೆ, ಪಾಪ ಅವನ ತೋಳಲ್ಲಿ ಅಷ್ಟು ಕಸುವಿರಲಿಲ್ಲವಂತೆ. ಈ ಮಾತುಗಳ ಕೊನೆಯ 'ಅಂತೆ'ಯನ್ನು ಊರು ಯಾವತ್ತೋ ಬಿಟ್ಟುಬಿಟ್ಟಿತ್ತು. ಕಾಫಿ ಮಗ್ಗಿನ ಮೇಲೆ ಮೂರು ಗೀರು, ಹೈಸ್ಕೂಲಿನ ಜಾಕೆಟ್ಟಿನ ಮೇಲೆ ಮೂರು ಗೀರು. ಪೇಟೆಬೀದಿಯ ಬೇಕರಿಯವಳು ಸೇಬಿನ ಪೈ ಮೇಲೂ ಮೂರು ಗೀರು ಎಳೆದು ಮಾರುತ್ತಿದ್ದಳು.

ಮನೆಯನ್ನು ಹಳೆಯ ರೂಪಕ್ಕೆ ತಂದವನು ಗ್ಲೆನ್ ಆಶ್‌ಬಾ. ಸರ್ವೆ ಇಲಾಖೆಯಲ್ಲಿದ್ದು ನಿವೃತ್ತನಾದವನು, ಅರವತ್ತಾರು ವರ್ಷ, ಸುಂಕದ ಮನೆ ಸಮಿತಿಯ ಅಧ್ಯಕ್ಷ. ಸಮಿತಿಯ ಯೋಜನೆಯಲ್ಲಿ ಒಂದು ಮಾತು ಬರೆದಿತ್ತು: ಈ ಮನೆಯ ಮಹತ್ವದ ಕಾಲ ೧೮೩೫ರಿಂದ ೧೮೫೨. ಆ ಹದಿನೇಳು ವರ್ಷದ್ದು ಉಳಿಯಬೇಕು, ಆಮೇಲೆ ಸೇರಿಕೊಂಡದ್ದು ಹೋಗಬೇಕು. ಹಾಗಾಗಿ ತಗಡಿನ ಛಾವಣಿ ಹೋಯಿತು, ಕರೆಂಟಿನ ತಂತಿ ಹೋಯಿತು, ಪಕ್ಕಕ್ಕೆ ಅಂಟಿಕೊಂಡಿದ್ದ ಮರದ ಅಡುಗೆಮನೆಯೂ ಹೋಯಿತು. ಅದಿದ್ದ ಜಾಗದಲ್ಲಿ ಈಗ ಹುಲ್ಲು ಬೆಳೆದಿದೆ. ಗ್ಲೆನ್ ಕೆಟ್ಟವನೇನಲ್ಲ. ಇಪ್ಪತ್ತು ವರ್ಷ ಶನಿವಾರ, ಭಾನುವಾರ ಅನ್ನದೆ ಮಂಡಿಯೂರಿ ಆ ಗೋಡೆಗಳ ಬಣ್ಣ ಕೆರೆದವನು. ಅಷ್ಟು ಪ್ರೀತಿಯಿಂದ ಕೆರೆಯುವವನಿಗೆ, ತಾನು ಏನನ್ನು ಕೆರೆಯುತ್ತಿದ್ದೇನೆ ಎಂದು ಕೇಳಿಕೊಳ್ಳಲು ಪುರಸೊತ್ತು ಇರುವುದಿಲ್ಲ.

ಮಂಗಳವಾರ ಬೆಳಿಗ್ಗೆ ಬಾಬಿಯ ಕ್ಯಾಮೆರಾಮನ್ ಕರ್ಟಿಸ್ ಹೊಸ್ತಿಲ ಮುಂದೆ ಬೋರಲು ಮಲಗಿ, ಗೀರುಗಳ ಮೇಲೆ ಓರೆ ಬಿಸಿಲು ಬೀಳುವುದನ್ನು ಕಾಯುತ್ತಿದ್ದ. ಹಳೆಯ ಬ್ಯೂಕ್ ಕಾರೊಂದು ಬಂದು ನಿಂತಿತು. ಅದರಿಂದ ಇಳಿದ ಮುದುಕಿ ಹಗ್ಗದ ತಡೆಯನ್ನು ಒಗೆದ ಬಟ್ಟೆ ಸರಿಸುವಂತೆ ಎತ್ತಿ ಒಳಗೆ ಬಂದಳು.

"ಸಿನಿಮಾ ಮಾಡೋಳು ನೀನೇನಾ?"

"ಹೌದು. ತಾವು?"

"ಆರ್ಡಿತ್ ಕೆಸ್ಲರ್. ಎಂಬತ್ಮೂರು ವರ್ಷ. ನೀನೀಗ ನಮ್ಮ ಅಡುಗೆಮನೇಲಿ ನಿಂತಿದೀಯ. ಪರವಾಗಿಲ್ಲ, ಷೂ ಬಿಚ್ಚಬೇಡ."

ಬಾಬಿ ಕಾಲಡಿಯ ಹುಲ್ಲು ನೋಡಿಕೊಂಡಳು. ಏನು ನೆನಪಿದೆ ಎಂದು ಹಿರಿಯರನ್ನು ಅವಳು ಎಂದೂ ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಭಾಷಣ ಶುರುಮಾಡುತ್ತಾರೆ.

"ಒಲೆ ಎಲ್ಲಿತ್ತು, ಮಿಸ್ ಕೆಸ್ಲರ್?"

"ಇಲ್ಲಿ. ಪಕ್ಕದಲ್ಲಿ ಕಲ್ಲಿದ್ದಿಲ ಡಬ್ಬ. ಡಬ್ಬದ ಮೇಲೆ ಬೆಕ್ಕು. ಬೆಕ್ಕಿನ ಮೇಲೆ ನಮ್ಮಣ್ಣ ಒಣಗೋಕೆ ಹಾಕಿದ ಕಾಲುಚೀಲ." ಮುದುಕಿ ನಗಲಿಲ್ಲ. "ಮೂವತ್ತೊಂಬತ್ತರಿಂದ ಅರವತ್ಮೂರರವರೆಗೆ ಬಾಡಿಗೆಗೆ ಇದ್ವಿ. ನಾನು ಹುಟ್ಟಿದ್ದೂ ಇಲ್ಲೇ. ನೋಡು, ನಂಗೆ ಸಿನಿಮಾದಲ್ಲಿ ಬರೋ ಹುಚ್ಚಿಲ್ಲ. ನಮ್ಮಮ್ಮನ ಹೆಸರು ಬರಬೇಕು, ಅಷ್ಟೇ. ಅರ್ಮಾ ಕೆಸ್ಲರ್."

"ಯಾಕೆ ಅಂತ ಕೇಳಬಹುದಾ?"

"ಆ ಗೀರು ಹಾಕಿದ್ದು ಅವಳು ಕಣೇ."

ಕರ್ಟಿಸ್ ಮಲಗಿದ್ದಲ್ಲಿಂದಲೇ ತಲೆ ಎತ್ತಿದ.

"ಹೋಟೆಲಿಗೆ ಪ್ರತಿ ಶುಕ್ರವಾರ ನಲವತ್ತು ಕೋಳಿ ಸುಲಿದು ಕೊಡ್ತಿದ್ವಿ. ನಲವತ್ತು ಕೋಳಿಗೆ ಚಾಕು ಎಷ್ಟು ಸಲ ಮೊಂಡಾಗತ್ತೆ ಗೊತ್ತಾ? ಒಂದು ಗೀರು ಅಮ್ಮಂದು, ಒಂದು ಚಿಕ್ಕಮ್ಮ ಡೋರಾದು. ಆ ಸಣ್ಣದಿದೆಯಲ್ಲ, ಅದು ನಂದು."

"ಸಣ್ಣದು ನಗಾರಿ ಹುಡುಗನದು ಅಂತಾರಲ್ಲ?" ಎಂದ ಕರ್ಟಿಸ್.

"ನಾನೇನು ಹುಡುಗನ ಥರ ಕಾಣ್ತೀನೇನೋ?" ಎಂದವಳೇ ಮುದುಕಿ ಕೈಚೀಲದಿಂದ ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿದ್ದ ಚಾಕು ತೆಗೆದಳು.

"ಚಾಕು ಇಟ್ಕೊಂಡು ಓಡಾಡ್ತೀರಾ?"

"ಈ ವಯಸ್ಸಿನೋಳ ಚೀಲ ಯಾರು ತಪಾಸಣೆ ಮಾಡ್ತಾರೆ? ಎಬ್ಬಿಸೋಕೆ ಒಬ್ಬರು ರೆಡಿ ಇರಿ, ಕೂರೋದು ನಾನೇ ಕೂರ್ತೀನಿ."

ಕೂತಳು. ಹೊಸ್ತಿಲಿಗೆ ಅಡ್ಡವಾಗಿ, ಎಡಗಾಲು ಮಡಿಸಿ ಬಲಗಾಲನ್ನು ಬಾಗಿಲ ಚೌಕಟ್ಟಿಗೆ ಒತ್ತಿ, ನಾಲಿಗೆಯ ತುದಿಯನ್ನು ಹಲ್ಲಿನ ಮಧ್ಯೆ ಕಚ್ಚಿ. ಮೊದಲ ಗೀರಿನೊಳಗೆ ಚಾಕು ಇಟ್ಟು ಎಳೆದಳು. ಎಳೆದು, ಮಣಿಕಟ್ಟು ತಿರುಗಿಸಿ, ಮತ್ತೆ ಎಳೆದಳು. ಗೀರು ಕೊನೆಯಲ್ಲಿ ಯಾಕೆ ತುಸು ಎಡಕ್ಕೆ ಬಾಗಿದೆ ಎಂದು ಬಾಬಿ ಎರಡು ದಿನದಿಂದ ತಲೆ ಕೆಡಿಸಿಕೊಂಡಿದ್ದಳು. ಹೀಗೆ ಕೂತವರ ಕೈ ಕೊನೆಗೆ ಅಲ್ಲಿಗೇ ಹೋಗುತ್ತದೆ, ಇನ್ನೆಲ್ಲಿಗೂ ಹೋಗುವುದಿಲ್ಲ. ಕರ್ಟಿಸ್ ಯಾರೂ ಹೇಳದೆಯೇ ಕ್ಯಾಮೆರಾ ಓಡಿಸಿದ್ದ.

"ಮುಟ್ಟಬೇಡಿ! ಕಲ್ಲು ಮುಟ್ಟಬೇಡಿ!"

ಗ್ಲೆನ್ ದಾರಿಯಿಂದಲೇ ಕೂಗುತ್ತ ಬಂದ. ಕೈಯಲ್ಲಿದ್ದ ಕಾಫಿ ಅರ್ಧ ಚೆಲ್ಲಿತ್ತು. ಮುದುಕಿ ತಲೆ ಎತ್ತಲೇ ಇಲ್ಲ.

"ಗ್ಲೆನ್, ಸ್ಕೂಲಲ್ಲಿ ಆರು ವರ್ಷ ನಿನ್ನ ತಟ್ಟೆಗೆ ಊಟ ಬಡಿಸಿದೀನಿ. ಬಟಾಣಿ ತಿನ್ನದೆ ಜೇಬಿಗೆ ಹಾಕ್ಕೊಳ್ತಿದ್ದೋನು ನೀನು. ನನ್ನ ಮೇಲೆ ಕೂಗಾಡಬೇಡ."

ಗ್ಲೆನ್ ಅವಳ ಕೈಯನ್ನೂ ಗೀರನ್ನೂ ನೋಡುತ್ತ ನಿಂತ. ಅವನು ಅಳತೆಯ ಮನುಷ್ಯ, ಕಣ್ಣಿಗೆ ಕಂಡದ್ದನ್ನು ಇಲ್ಲವೆನ್ನುವ ಜಾತಿಯಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಾಬಿಯನ್ನು ಮನೆಯ ಹಿಂದಕ್ಕೆ ಕರೆದೊಯ್ದ.

"ಅವರು ಹೇಳಿದ್ದು ನಿಜ ಅನ್ಸತ್ತೆ," ಎಂದ.

"ನನಗೂ. ಹಾಗಿದ್ರೆ ಚಿತ್ರ ಬದಲಾಯಿಸ್ತೀನಿ. ಸಿಪಾಯಿಗಳಿಗಿಂತ ಇದು ಸಾವಿರ ಪಾಲು ಚೆನ್ನಾಗಿದೆ."

"ನಿಮಗೆ ಅರ್ಥ ಆಗ್ತಿಲ್ಲ. ಗೀರು ೧೮೪೬ರದ್ದಾದ್ರೆ ಅದು ಇತಿಹಾಸ. ನಲವತ್ತರ ದಶಕದ್ದಾದ್ರೆ, ನಮ್ಮ ಯೋಜನೆ ಪ್ರಕಾರ, ಅದು ಹಾಳು. ಹಾಳಾದದ್ದನ್ನ ಸರಿಮಾಡಬೇಕು. ಕಲ್ಲು ತೆಗೆದು ಹೊಸದು ಕೂರಿಸಬೇಕು, ಇಲ್ಲಾ ಗೀರು ತುಂಬಿಸಿ ಸಮ ಮಾಡಬೇಕು. ಅಡುಗೆಮನೆ ಕೆಡವಿದ್ದೂ ಇದೇ ನಿಯಮದ ಮೇಲೆ. ನಾನೇ ಸಹಿ ಹಾಕಿದ್ದು."

"ನಿಯಮ ಬದಲಾಯಿಸಿ."

"ನಮ್ಮ ಸಮಿತಿಗೆ ಬಂದ ಅನುದಾನವೆಲ್ಲ ಆ ಹದಿನೇಳು ವರ್ಷದ ಮೇಲೆ ನಿಂತಿದೆ. ಹೆದರಿಸ್ತಿಲ್ಲ ನಾನು. ಇರೋದು ಹೇಳ್ತಿದೀನಿ."

ಹೆದರಿಸಿದ್ದರೆ ಬಾಬಿಗೆ ಸುಲಭವಾಗುತ್ತಿತ್ತು, ಬಾಯಿಗೆ ಬಂದಂತೆ ಬಯ್ಯಬಹುದಿತ್ತು. ಆದರೆ ಗ್ಲೆನ್ ಹೆದರಿಸುತ್ತಿರಲಿಲ್ಲ. ಆ ಕಲ್ಲನ್ನು ಅವನಷ್ಟು ಪ್ರೀತಿಸಿದವರು ಊರಲ್ಲಿ ಇನ್ನೊಬ್ಬರೇ ಇದ್ದರು, ಮತ್ತು ಅವಳು ಆಚೆ ಕಡೆ ಹೊಸ್ತಿಲ ಮೇಲೆ ಕೂತಿದ್ದಳು.

ಸಣ್ಣ ಊರು. ಸಂಜೆಯೊಳಗೆ ಕೋಳಿಯ ಕಥೆ ಬೇಕರಿ ಮುಟ್ಟಿತ್ತು. ಸಮಿತಿಯ ಇಬ್ಬರು ಸದಸ್ಯರು ಗ್ಲೆನ್‌ಗೆ ಫೋನ್ ಮಾಡಿ ವಿಷಯ ಇತ್ಯರ್ಥ ಆಗಲೇಬೇಕು ಎಂದಿದ್ದರು. ಬಾಯಿ ಮುಚ್ಚಿಕೊಂಡು ಸುಮ್ಮನಿರುವ ದಾರಿ ಮುಚ್ಚಿಹೋಯಿತು.

ಮರುದಿನ ಊಟದ ಹೊತ್ತಿಗೆ ಬಾಬಿ ಮುದುಕಿಯನ್ನು ಹೆದ್ದಾರಿಯ ಡೈನರಿಗೆ ಕರೆದೊಯ್ದು ಇದ್ದದ್ದನ್ನು ಇದ್ದಂತೆ ಹೇಳಿದಳು. ಆರ್ಡಿತ್ ಆಲೂಗಡ್ಡೆ ತುಂಬಿ ಬೆಣ್ಣೆಯಲ್ಲಿ ಹುರಿದ ಪಿರೋಗಿ ಕಡುಬುಗಳನ್ನು ಒಂದೊಂದಾಗಿ ಮುಗಿಸಿದಳು. ಅವಸರ ಮಾಡಲಿಲ್ಲ.

"ಅಂದ್ರೆ ಅಮ್ಮನ ಹೆಸರು ಹೇಳಿದ್ರೆ ಅಮ್ಮನ ಗೀರು ಹೋಗತ್ತೆ."

"ಹೌದು."

"ಸಿಪಾಯಿಗಳ ಹೆಸರು ಹೇಳಿದ್ರೆ ಉಳಿಯತ್ತೆ."

"ಹೌದು. ಆದ್ರೆ ನಾವು ಜಗಳ ಆಡಬಹುದು. ಪತ್ರಿಕೆಗೆ ಹೋಗಬಹುದು, ಎರಡು ವರ್ಷ ಹಿಡಿಯಬಹುದು, ಆದ್ರೆ..."

"ಎರಡು ವರ್ಷ!" ಮುದುಕಿ ಮೊದಲ ಸಲ ನಕ್ಕಳು. "ನಾನು ಹಸಿರು ಬಾಳೆಹಣ್ಣು ಕೊಳ್ಳೋದೇ ಬಿಟ್ಟಿದೀನಿ ಕಣೇ, ಹಣ್ಣಾಗೋವರೆಗೆ ಇರ್ತೀನೋ ಇಲ್ವೋ ಅಂತ." ಆಮೇಲೆ ತಟ್ಟೆ ಸರಿಸಿದಳು. "ಅಡುಗೆಮನೆ ಕೆಡವೋ ದಿನ ಅಲ್ಲೇ ರಸ್ತೆ ಪಕ್ಕ ಕಾರಲ್ಲಿ ಕೂತು ನೋಡಿದೆ. ಅರ್ಧ ದಿನವೂ ಹಿಡೀಲಿಲ್ಲ. ಇನ್ನೊಂದ್ಸಲ ನೋಡಲ್ಲ. ನಿನ್ನ ಕ್ಯಾಮೆರಾ ತಗೊಂಡು ಬಾ."

ಅದೇ ಮಧ್ಯಾಹ್ನ ಸುಂಕದ ಮನೆಯ ಒಳಗೆ ಕುರ್ಚಿ ಹಾಕಿದರು. ಗ್ಲೆನ್ ಗೋಡೆಗೆ ಒರಗಿ ನಿಂತ. ಬಾಬಿ ಪ್ರಶ್ನೆ ಕೇಳಿದಳು. ಕೇಳುವಾಗ ಅವಳಿಗೆ ನಾಚಿಕೆಯಾಯಿತು. ಮೂವತ್ತು ವರ್ಷದಲ್ಲಿ ಸುಳ್ಳು ಉತ್ತರ ಬರುತ್ತದೆಂದು ಗೊತ್ತಿದ್ದೂ ಕೇಳಿದ ಪ್ರಶ್ನೆ ಇದೊಂದೇ.

"ಹೊಸ್ತಿಲ ಮೇಲಿನ ಗೀರು ಯಾರದು, ಮಿಸ್ ಕೆಸ್ಲರ್?"

"ಸಿಪಾಯಿಗಳದ್ದು," ಎಂದಳು ಆರ್ಡಿತ್, ಕ್ಯಾಮೆರಾವನ್ನೇ ನೇರವಾಗಿ ನೋಡುತ್ತ. "ನಾವು ಬಾಡಿಗೆಗೆ ಬರೋ ಮೊದಲೇ ಇತ್ತು. ನಮ್ಮಮ್ಮ ಅದನ್ನ ಮುಟ್ಟಿಯೂ ಇಲ್ಲ. ದಿನಾ ಸೋಪು ಹಾಕಿ ತೊಳೀತಿದ್ದಳು, ಅಷ್ಟೇ."

ಕರ್ಟಿಸ್ ಕ್ಯಾಮೆರಾ ನಿಲ್ಲಿಸಿದ. ಗ್ಲೆನ್ ಮುಂದೆ ಬಂದು, "ಮಿಸ್ ಕೆಸ್ಲರ್, ನಿಮಗೆ ಹೇಗೆ ಥ್ಯಾಂಕ್ಸ್..." ಎಂದು ಶುರುಮಾಡಿದ.

"ನಿನಗೋಸ್ಕರ ಹೇಳಿದ್ದಲ್ಲ," ಎಂದಳು ಮುದುಕಿ. "ಆ ಕಡೆ ಸರಿ, ಬೆಳಕಿಗೆ ಅಡ್ಡ ನಿಂತಿದೀಯ."

ಬಾಬಿ ಚಿತ್ರವನ್ನು ಹೇಳಿದ ದಿನಕ್ಕೆ ಮುಗಿಸಿಕೊಟ್ಟಳು. ಹತ್ತು ನಿಮಿಷ, ಒಂದು ಸೆಕೆಂಡ್ ಹೆಚ್ಚಿಲ್ಲ. ಆರ್ಡಿತ್‌ಳ ಮಾತು ಏಳನೇ ನಿಮಿಷದಲ್ಲಿ ಬರುತ್ತದೆ, ಅದರ ಬೆನ್ನಿಗೇ ನಗಾರಿ. ಸಂಕಲನ ಮಾಡುವಾಗ ಬಾಬಿಗೆ ಎಲ್ಲರ ಮೇಲೂ ಸಿಟ್ಟು ಬಂದಿತ್ತು: ಗ್ಲೆನ್ ಮೇಲೆ, ಹದಿನೇಳು ವರ್ಷಕ್ಕೊಂದು ಹೆಸರಿಟ್ಟವರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ. ಸಿಟ್ಟಿದ್ದರೂ ಕೈ ಕೆಲಸ ಮಾಡಿತು, ಚಿತ್ರ ಚೆನ್ನಾಗಿಯೇ ಬಂತು. ಅದೇ ಅವಳಿಗೆ ಹೆಚ್ಚು ಸಂಕಟ ಕೊಟ್ಟಿತು.

ಮೇ ತಿಂಗಳ ಕೊನೆಯ ಶನಿವಾರ ಮನೆ ಸಾರ್ವಜನಿಕರಿಗೆ ತೆರೆಯಿತು. ರಿಬ್ಬನ್ ಕತ್ತರಿಸಿದರು, ಪೈ ಹಂಚಿದರು, ಜನ ಸಾಲಾಗಿ ಒಳಗೆ ಹೋಗಿ ಗುಂಡಿ ಒತ್ತತೊಡಗಿದರು. ಆರ್ಡಿತ್ ಒಳಗೆ ಹೋಗಲಿಲ್ಲ. ಹೊರಗೆ ಬ್ಯೂಕ್‌ನಲ್ಲಿ, ಗಾಜು ಇಳಿಸಿ ಕೂತಿದ್ದಳು. ಬಾಬಿ ಹೋಗಿ ಪಕ್ಕದ ಸೀಟಿನಲ್ಲಿ ಕೂತು ಲ್ಯಾಪ್‌ಟಾಪ್ ತೆರೆದಳು.

"ನೀವು ಬಂದ ಮೊದಲ ದಿನ ಕರ್ಟಿಸ್ ತೆಗೆದದ್ದು. ಚಿತ್ರದಲ್ಲಿ ಹಾಕಿಲ್ಲ. ಅಳಿಸಿಯೂ ಇಲ್ಲ. ನನ್ನ ಹತ್ರ ಇರತ್ತೆ, ಅಮ್ಮನ ಹೆಸರು ಬರೆದಿಟ್ಟಿದೀನಿ."

ಮುದುಕಿ ಕನ್ನಡಕ ಸರಿಮಾಡಿಕೊಂಡಳು. ಪರದೆಯ ಮೇಲೆ ಒಬ್ಬ ಹೆಂಗಸು ಹೊಸ್ತಿಲಿಗೆ ಅಡ್ಡವಾಗಿ ಕೂತು, ಬೆನ್ನು ಬಾಗಿಸಿ, ನಾಲಿಗೆ ಕಚ್ಚಿ ಚಾಕು ಮಸೆಯುತ್ತಿದ್ದಳು.



"ಅಮ್ಮಂದು ಒಂದೇ ಒಂದು ಫೋಟೋ ಇರೋದು," ಎಂದಳು ಆರ್ಡಿತ್. "ಚರ್ಚಿನ ಮುಂದೆ, ಟೋಪಿ ಹಾಕ್ಕೊಂಡು. ಯಾರೋ ಬೇರೆ ಹೆಂಗಸಿನ ಥರ ಇದಾಳೆ. ಕೋಳಿ ಸುಲಿಯೋಳ ಫೋಟೋ ಯಾರು ತೆಗೀತಾರೆ?" ಬೆರಳನ್ನು ಪರದೆಯ ಹತ್ತಿರ ಒಯ್ದಳು, ಮುಟ್ಟಲಿಲ್ಲ. "ಇದು ನಾನಲ್ಲ ಕಣೇ. ನಾನು ಹೀಗೆ ಕೂರ್ತೀನಿ ಅಂತಲೇ ಗೊತ್ತಿರ್ಲಿಲ್ಲ. ಇದು ಅವಳು."

ಮನೆಯ ಕಿಟಕಿಯಿಂದ ಚಿತ್ರದ ಸದ್ದು ಹೊರಗೆ ಬರುತ್ತಿತ್ತು. ಏಳನೇ ನಿಮಿಷ ಬಂದಿರಬೇಕು. ಆರ್ಡಿತ್‌ಳದೇ ದನಿ, ಸಿಪಾಯಿಗಳದ್ದು ಎಂದಿತು, ಆಮೇಲೆ ನಗಾರಿ ಶುರುವಾಯಿತು.

"ಆ ಗದ್ದಲದಲ್ಲಿ ಇದು ಕೇಳಿಸ್ತಿಲ್ಲ," ಎಂದಳು ಮುದುಕಿ, ಕಣ್ಣು ಒರೆಸಿಕೊಳ್ಳದೆಯೇ. "ಸೌಂಡ್ ಜಾಸ್ತಿ ಮಾಡು."

ಬಾಬಿ ಸೌಂಡ್ ಪೂರ್ತಿ ಏರಿಸಿದಳು. ಕಲ್ಲಿನ ಮೇಲೆ ಚಾಕು ಎಳೆಯುವ ಸದ್ದು ಕಾರಿನೊಳಗೆಲ್ಲ ತುಂಬಿಕೊಂಡಿತು.